ಮನೆ ಬೆಣ್ಣೆ, ಮನೆ ಬ್ರೆಡ್ಡು, ಜವಾರಿ ಬೆಳ್ಳುಳ್ಳಿ: ನನ್ನ ಗಾರ್ಲಿಕ್ ಟೋಸ್ಟ್ ಕೊನೆಗೂ ಕೈಹಿಡಿಯಿತು

ಹೋದ ಭಾನುವಾರ ನಮ್ಮ ಮನೆಯಲ್ಲಿ 48 ತುಂಡು ಗಾರ್ಲಿಕ್ ಟೋಸ್ಟ್ ಖರ್ಚಾಯಿತು. ತಿಂದವರು 11 ಜನ. ಅವರಲ್ಲಿ ನಮ್ಮ ಭಾವನವರೂ ಇದ್ದರು. ಮೂವತ್ತು ವರ್ಷ ಬೇಕರಿ ನಡೆಸಿದವರು. ಒಂದೂವರೆ ವರ್ಷದ ಹಿಂದೆ ಇದೇ ಅಡುಗೆಮನೆ ಬಾಗಿಲಲ್ಲಿ ನಿಂತು, "ಇದು ಮನೇಲಿ ಆಗೋ ಕೆಲಸ ಅಲ್ಲಮ್ಮ, ಸುಮ್ನೆ ಮೈದಾ ದಂಡ ಮಾಡಬೇಡ" ಅಂದಿದ್ದರು. ಮೊನ್ನೆ ಆರನೇ ತುಂಡು ಮುಗಿಸಿ, ಬೆರಳು ಒರೆಸಿಕೊಂಡು, "ಬೆಣ್ಣೆ ಎಲ್ಲಿಂದ ತರಿಸಿದೆ?" ಅಂತ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಿಟ್ಟು ನಾದೋದು, ಕೆನೆ ಹೆಪ್ಪು ಹಾಕೋದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಹೇಳುತ್ತಾ ಕೂರುವುದಿಲ್ಲ. ನಾನು ಎಲ್ಲೆಲ್ಲಿ ಎಡವಿದೆ, ಎಷ್ಟು ದುಡ್ಡು ಕಳೆದೆ, ಕೊನೆಗೆ ಯಾವುದು ಕೆಲಸ ಮಾಡಿತು ಅನ್ನೋದನ್ನು ಮಾತ್ರ ಹೇಳುತ್ತೇನೆ. ಅಳತೆಗಳು ನೆನಪಿನಿಂದ ಬರೆದವು. ಒಂದೆರಡು ಗ್ರಾಂ ಆಚೀಚೆ ಆಗಬಹುದು.

ಶುರುವಾದದ್ದು ಬೆಂಗಳೂರಿನಲ್ಲಿ. ತಮ್ಮನ ಮನೆಗೆ ಹೋಗಿದ್ದಾಗ ಅವನು ಒಂದು ರೆಸ್ಟೋರೆಂಟಿಗೆ ಕರೆದುಕೊಂಡು ಹೋದ. ನಾಲ್ಕು ತುಂಡು ಟೋಸ್ಟಿಗೆ 240 ರೂಪಾಯಿ. ಆದರೆ ಏನು ಟೋಸ್ಟ್ ಅಂತೀರಿ! ಮೇಲೆ ಗರಿಗರಿ, ಒಳಗೆ ಹತ್ತಿ. ಕಚ್ಚಿದರೆ ಬೆಣ್ಣೆ ಒಸರುತ್ತದೆ, ಆದರೆ ಕೈಗೆ ಜಿಡ್ಡು ಹತ್ತುವುದಿಲ್ಲ. ಊರಿಗೆ ಬಂದ ಮೇಲೆ ಮಕ್ಕಳು ವಾರ ವಾರ ಅದನ್ನೇ ಕೇಳೋಕೆ ಶುರು ಮಾಡಿದರು. ನಾನು ದಾವಣಗೆರೆಯವಳು. ಬೆಣ್ಣೆ ದೋಸೆ ಊರಿನವಳಾಗಿ ಬೆಣ್ಣೆ ಹಚ್ಚಿದ ಒಂದು ತಿಂಡಿ ನನ್ನ ಕೈಗೆ ಬರಲ್ಲ ಅಂದರೆ ಮನಸ್ಸು ಒಪ್ಪಲಿಲ್ಲ.

ಮೊದಲ ಸಲ ಎಲ್ಲರೂ ಮಾಡುವ ಹಾಗೇ ಮಾಡಿದೆ. ಅಂಗಡಿ ಬ್ರೆಡ್ಡು, ಪ್ಯಾಕೆಟ್ ಬೆಣ್ಣೆ, ಮಿಕ್ಸಿಯಲ್ಲಿ ತಿರುವಿದ ಬೆಳ್ಳುಳ್ಳಿ. ಬೆಣ್ಣೆ ಕರಗಿಸಿ, ಬೆಳ್ಳುಳ್ಳಿ ಕಲಸಿ, ಬ್ರೆಡ್ಡಿಗೆ ಸುರಿದು ಕಾವಲಿ ಮೇಲೆ ಮಗುಚಿ ಹಾಕಿದೆ. ಎರಡು ನಿಮಿಷದಲ್ಲಿ ಬೆಳ್ಳುಳ್ಳಿ ಕಪ್ಪಗೆ ಸೀದು ಕಹಿಯಾಯಿತು. ಬ್ರೆಡ್ಡು ಒಳಗೆ ಹಸಿಹಸಿ. ನಮ್ಮತ್ತೆ ಒಂದು ತುತ್ತು ತಿಂದು ತಟ್ಟೆ ಪಕ್ಕಕ್ಕೆ ಸರಿಸಿದರು, ಏನೂ ಹೇಳಲಿಲ್ಲ.

ಆಮೇಲೆ ಕಾರಣ ತಿಳಿಯಿತು. ಬೆಣ್ಣೆಯಲ್ಲಿ ನೂರಕ್ಕೆ ಹದಿನಾರು ಭಾಗ ನೀರೇ ಇರುತ್ತದೆ, ಜಿಡ್ಡು 80ರ ಆಸುಪಾಸು. ಗಟ್ಟಿ ಇರುವಾಗ ಎರಡೂ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಕರಗಿಸಿದರೆ ಬೇರೆಯಾಗುತ್ತವೆ. ಸುರಿದ ಕೂಡಲೇ ನೀರನ್ನೂ ಬ್ರೆಡ್ಡು ಹೀರಿಕೊಂಡುಬಿಡುತ್ತದೆ. ಹಾಗಾಗಿ ಬೆಣ್ಣೆ ಕರಗಿಸಬಾರದು. ಬೆರಳಲ್ಲಿ ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿದ್ದರೆ ಸಾಕು. ಇಷ್ಟು ತಿಳಿಯೋಕೆ ನನಗೆ ಮೂರು ವಾರ, ನಾಲ್ಕು ಪ್ಯಾಕೆಟ್ ಬ್ರೆಡ್ಡು ಬೇಕಾಯಿತು.

ಹಾಗಾದರೆ ತುಪ್ಪವೇ ಹಚ್ಚಿದರೆ ನೀರಿನ ಕಾಟವೇ ಇಲ್ಲವಲ್ಲ? ಅದನ್ನೂ ನೋಡಿದೆ. ಗರಿಗರಿ ಚೆನ್ನಾಗಿ ಬಂತು. ಆದರೆ ಹಾಲಿನ ಆ ಸಿಹಿ ಪರಿಮಳ ಇಲ್ಲ, ತಿಂದರೆ ತುಪ್ಪದ ರಸ್ಕ್ ತಿಂದ ಹಾಗೆ. ಅದರಿಂದ ಒಂದು ಲಾಭ ಮಾತ್ರ ಆಯಿತು. ತುಪ್ಪ ಕಾಯಿಸಿದಾಗ ತಳದಲ್ಲಿ ಕೆಂಪಗೆ ಗಸಿ ಉಳಿಯುತ್ತದೆ ಅಲ್ವಾ? ಚಿಕ್ಕವರಿದ್ದಾಗ ಸಕ್ಕರೆ ಹಾಕಿಕೊಂಡು ತಿನ್ನುತ್ತಿದ್ದೆವಲ್ಲ, ಅದೇ. ಬೆಣ್ಣೆಗೆ ಆ ಗಸಿ ಒಂದು ಚಮಚ ಕಲಸಿದೆ. ಆ ದಿನವೇ ಮೊದಲ ಸಲ ಟೋಸ್ಟಿಗೆ ರೆಸ್ಟೋರೆಂಟ್ ವಾಸನೆ ಬಂದದ್ದು. ಆದರೆ ವೀಳ್ಯದೆಲೆ, ಮೆಂತ್ಯ ಹಾಕಿ ಕಾಯಿಸಿದ ತುಪ್ಪದ ಗಸಿ ಇದಕ್ಕೆ ಒಗ್ಗಲ್ಲ. ಬರೀ ಬೆಣ್ಣೆ ಕಾಯಿಸಿದ್ದೇ ಆಗಬೇಕು.

ಇನ್ನು ಬೆಣ್ಣೆ. ಪ್ಯಾಕೆಟ್ ಬೆಣ್ಣೆಯಲ್ಲೂ ಆಗುತ್ತದೆ. ಆಗಲ್ಲ ಅಂತ ನಾನು ಹೇಳಲ್ಲ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ 12ರಿಂದ 5ಕ್ಕೆ ಇಳಿದ ಮೇಲೆ ಬೆಲೆಯೂ ಸ್ವಲ್ಪ ಇಳಿದಿದೆ. ಆದರೂ ಹೆಪ್ಪು ಹಾಕಿ ಕಡೆದ ಬೆಣ್ಣೆಯ ಆ ಸಣ್ಣ ಹುಳಿ ಇದೆಯಲ್ಲ, ಅದು ಬೆಳ್ಳುಳ್ಳಿ ಜೊತೆ ಸೇರಿದಾಗ ಬರುವ ರುಚಿಯೇ ಬೇರೆ. ಮೊದಲು ಹೋಮೊಜಿನೈಸ್ಡ್ ಪ್ಯಾಕೆಟ್ ಹಾಲು ತರುತ್ತಿದ್ದೆ. ಹತ್ತು ದಿನ ಕಾದರೂ ಕೆನೆ ಒಂದು ಲೋಟ ಆಗಲಿಲ್ಲ. ಆ ಹಾಲಿನಲ್ಲಿ ಜಿಡ್ಡಿನ ಹನಿಗಳನ್ನು ಮೊದಲೇ ಒಡೆದು ಸಣ್ಣ ಮಾಡಿರುತ್ತಾರೆ, ಅದು ಮೇಲೆ ಬಂದು ಕೂರುವುದೇ ಇಲ್ಲ. ಆಮೇಲೆ ಹಿಂದಿನ ಬೀದಿಯಲ್ಲಿ ಎಮ್ಮೆ ಹಾಲು ಗೊತ್ತು ಮಾಡಿಕೊಂಡೆ. ಲೀಟರಿಗೆ 70 ರೂಪಾಯಿ. ದಿನಾ ಒಂದು ಲೀಟರು ಕಾಯಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ಕೆನೆ ತೆಗೆಯುವುದು. ಹತ್ತು ಹನ್ನೆರಡು ದಿನಕ್ಕೆ ಹೆಚ್ಚುಕಡಿಮೆ 350 ಗ್ರಾಂ ಬೆಣ್ಣೆ ಸಿಗುತ್ತದೆ. ಕೆನೆ ತೆಗೆದ ಹಾಲು ಕಾಫಿಗೆ, ಮೊಸರಿಗೆ ಆಗುತ್ತದೆ. ಅದಕ್ಕೆ ಬೆಣ್ಣೆಯ ಖರ್ಚನ್ನು ನಾನು ಪೂರ್ತಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಡೆಯುವಾಗ ಹೆಪ್ಪಾದ ಕೆನೆ ತಣ್ಣಗಿರಬೇಕು. ಏಪ್ರಿಲ್ ತಿಂಗಳಲ್ಲಿ ಒಮ್ಮೆ ಹಾಗೇ ಕಡೆದು, ಬೆಣ್ಣೆ ಉಂಡೆ ಕಟ್ಟದೆ ಎಣ್ಣೆ ಎಣ್ಣೆಯಾಗಿ ತೇಲಿತು. ಈಗ ಐಸ್ ನೀರು ಹಾಕಿ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸುತ್ತೇನೆ. ಕಿವಿ ಕೊಟ್ಟು ಕೇಳಬೇಕು. ಮೊದಲು ಭಾರವಾದ ಗೊರಗೊರ ಸದ್ದು. ಆಮೇಲೆ ಇದ್ದಕ್ಕಿದ್ದಂತೆ ಪಳಕ್ ಪಳಕ್ ಅಂತ ನೀರಿನ ಸದ್ದು. ಅಲ್ಲಿಗೆ ಬೆಣ್ಣೆ ಬಂತು ಅಂತ. ತೆಗೆದು ಐಸ್ ನೀರಿನಲ್ಲಿ ತೊಳೆಯಬೇಕು. ಮೂರು ಸಲ ಅಲ್ಲ, ನೀರು ತಿಳಿಯಾಗುವ ತನಕ. ನನಗೆ ಸಾಮಾನ್ಯವಾಗಿ ಐದು ಸಲ ಆಗುತ್ತದೆ. ಒಳಗೆ ಮಜ್ಜಿಗೆ ಉಳಿದರೆ ಕಾವಲಿ ಮೇಲೆ ಚಟಪಟ ಸಿಡಿಯುತ್ತದೆ, ಎರಡು ದಿನದಲ್ಲಿ ಹುಳಿ ನಾತ ಹೊಡೆಯುತ್ತದೆ. ತೊಳೆದ ಮೇಲೆ ಮರದ ಸೌಟಿನಿಂದ ಪಾತ್ರೆಯ ಪಕ್ಕಕ್ಕೆ ಒತ್ತಿ ಒತ್ತಿ ನೀರು ಬಸಿಯುತ್ತೇನೆ. ಈ ಒತ್ತುವ ಕೆಲಸ ಹತ್ತು ನಿಮಿಷದ್ದು. ಇದನ್ನು ಬಿಟ್ಟರೆ ಟೋಸ್ಟ್ ಮೆತ್ತಗಾಗುತ್ತದೆ. ನಮ್ಮತ್ತೆ ಇದನ್ನು ನೋಡಿ, "ತುಪ್ಪ ಕಾಯಿಸೋ ಬೆಣ್ಣೆಗೆ ಇಷ್ಟು ಸೇವೆ ಮಾಡಿದ್ದನ್ನ ನಾನು ಕಾಣೆ" ಅಂದರು.

ಬೆಳ್ಳುಳ್ಳಿಗೆ ನಾನು ಸುರಿದ ದುಡ್ಡು ಜಾಸ್ತಿ. ಶುರು ಮಾಡಿದ್ದು 2024ರಲ್ಲಿ, ಕೆಜಿಗೆ 400 ರೂಪಾಯಿ ಮುಟ್ಟಿದ್ದ ಕಾಲ. ಸುಲಿಯೋಕೆ ಸುಲಭ ಅಂತ ದಪ್ಪ ಎಸಳಿನ ಬೆಳ್ಳುಳ್ಳಿ ತಂದೆ. ನೀರು ಜಾಸ್ತಿ, ಘಾಟು ಕಡಿಮೆ. ಜವಾರಿ ಬೆಳ್ಳುಳ್ಳಿ ಎಸಳು ಸಣ್ಣ, ಸುಲಿದು ಸುಲಿದು ಉಗುರು ನೋಯುತ್ತದೆ. ಆದರೆ ಅದರ ಅರ್ಧ ಹಾಕಿದರೆ ಸಾಕು. ಗದಗಿನ ಕಡೆಯಿಂದ ಸಂಬಂಧಿಕರು ಬರುವಾಗ ಎರಡು ಕೆಜಿ ತರಿಸಿಕೊಳ್ಳುತ್ತೇನೆ.

ಒಂದು ಸಲ ರುಚಿ ಏರಲಿ ಅಂತ ಬೆಳ್ಳುಳ್ಳಿ ಜಜ್ಜಿ ನಿಂಬೆರಸ ಹಿಂಡಿ, ಬೆಣ್ಣೆಗೆ ಕಲಸಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಡಬ್ಬಿ ತೆರೆದರೆ ಬೆಳ್ಳುಳ್ಳಿ ಚೂರುಗಳೆಲ್ಲ ನೀಲಿ ಹಸಿರು! ಕೆಟ್ಟಿದೆ ಅಂದುಕೊಂಡು 200 ಗ್ರಾಂ ಬೆಣ್ಣೆ ಎಸೆದೆ. ಅದು ಕೆಟ್ಟದ್ದಲ್ಲವಂತೆ, ಹುಳಿ ತಗುಲಿದರೆ ಬೆಳ್ಳುಳ್ಳಿಯ ಬಣ್ಣ ಹಾಗೆ ತಿರುಗುತ್ತದೆ, ತಿಂದರೂ ಏನೂ ಆಗಲ್ಲ ಅಂತ ಆಮೇಲೆ ಗೊತ್ತಾಯಿತು. ಆ ಬೆಣ್ಣೆ ಎಸೆದದ್ದು ಈಗಲೂ ಹೊಟ್ಟೆ ಉರಿಯುತ್ತದೆ. ಬೆಣ್ಣೆ ಪೂರ್ತಿ ತೊಳೆಯಬೇಕು ಅಂತ ನಾನು ಹಟ ಹಿಡಿಯೋದಕ್ಕೆ ಈ ಹುಳಿಯೂ ಒಂದು ಕಾರಣ.

ಕೊನೆಗೆ ಕೈಹಿಡಿದ ವಿಧಾನ ಇದು. 100 ಗ್ರಾಂ ಬೆಣ್ಣೆಗೆ ಸುಲಿದ ಬೆಳ್ಳುಳ್ಳಿ 20 ಗ್ರಾಂ. ಅರ್ಧವನ್ನು ಸಣ್ಣಗೆ ಹೆಚ್ಚಿ, ಎರಡು ಚಮಚ ಬೆಣ್ಣೆಯಲ್ಲಿ ಅತಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬಾಡಿಸಬೇಕು. ಕೆಂಪಾಗಬಾರದು, ಒಣ ಹುಲ್ಲಿನ ಬಣ್ಣಕ್ಕೆ ಬಂದ ಕೂಡಲೇ ಇಳಿಸಬೇಕು. ಉಳಿದರ್ಧವನ್ನು ಕಲ್ಲಿನ ಕುಟ್ಟಾಣಿಯಲ್ಲಿ ಕಾಲು ಚಮಚ ಉಪ್ಪಿನ ಜೊತೆ ನುಣ್ಣಗೆ ಜಜ್ಜಿ ಹತ್ತು ನಿಮಿಷ ಹಾಗೇ ಬಿಡಬೇಕು. ಘಾಟು ಹುಟ್ಟುವುದೇ ಜಜ್ಜಿದ ಮೇಲೆ. ಜಜ್ಜಿದ ತಕ್ಷಣ ಬಿಸಿಗೆ ಹಾಕಿದರೆ ಅದು ಹುಟ್ಟುವ ಮುಂಚೆಯೇ ಸಾಯುತ್ತದೆ. ಬಾಡಿಸಿದ್ದು ಪೂರ್ತಿ ಆರಿದ ಮೇಲೆ ಎರಡನ್ನೂ ಮೆತ್ತಗಿನ ಬೆಣ್ಣೆಗೆ ಕಲಸುವುದು. ಬಾಡಿಸಿದ್ದು ಸಿಹಿ ಕೊಡುತ್ತದೆ, ಹಸಿಯದ್ದು ಮೂಗಿಗೆ ಏರುತ್ತದೆ. ಒಂದೇ ಇದ್ದರೆ ಅರ್ಧ ರುಚಿ. ಇದಕ್ಕೆ ನಾನು ಇನ್ನೊಂದು ಪುಡಿಯನ್ನೂ ಚಿಟಿಕೆ ಸೇರಿಸುತ್ತೇನೆ. ನಿಮ್ಮ ಸಾಂಬಾರ ಡಬ್ಬಿಯಲ್ಲಿ ಇರುವಂಥದ್ದೇ. ಯಾವುದು ಅಂತ ಭಾವನವರಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ. ಕಲಸಿದ ಬೆಣ್ಣೆಯನ್ನು ಹೊರಗೆ ಇಡಬೇಡಿ. ಹಸಿ ಬೆಳ್ಳುಳ್ಳಿ ಜಿಡ್ಡಿನಲ್ಲಿ ಮುಚ್ಚಿಕೊಂಡು ಬೆಚ್ಚಗಿದ್ದರೆ ವಿಷವಾಗುವ ಅಪಾಯ ಉಂಟು. ಫ್ರಿಜ್ಜಿನಲ್ಲಿ ಮೂರು ದಿನ, ಅದಕ್ಕಿಂತ ಜಾಸ್ತಿ ಬೇಕಿದ್ದರೆ ಫ್ರೀಜರ್.

ಒರೆಗಾನೊ, ಅಂದರೆ ಪಿಜ್ಜಾ ಮೇಲೆ ಉದುರಿಸುವ ಒಣ ಎಲೆ, ಅದರ ಕತೆಯನ್ನೂ ಹೇಳಬೇಕು. ಸಣ್ಣ ಡಬ್ಬಿಗೆ ನೂರು ರೂಪಾಯಿ ಹತ್ತಿರ ಬೆಲೆ. ಒಂದು ದಿನ ಹಿತ್ತಲಲ್ಲಿ ದೊಡ್ಡಪತ್ರೆ ಎಲೆ ಕಿತ್ತು ಮೂಸಿದಾಗ, ಅರೆ, ಇದೂ ಅದೇ ವಾಸನೆ ಅಲ್ವಾ ಅನಿಸಿತು. ಎರಡರಲ್ಲೂ ಪರಿಮಳ ಕೊಡುವ ಎಣ್ಣೆಯಂಶ ಒಂದೇ ಬಗೆಯದಂತೆ. ಎಲೆ ದಪ್ಪ, ತುಂಬ ನೀರು. ನೆರಳಲ್ಲಿ ಒಣಗಿಸೋಕೆ ಹೋಗಿ ಮೊದಲ ಸಲ ಕಪ್ಪಾಗಿ ಬೂಷ್ಟು ಹಿಡಿಯಿತು. ಎರಡನೇ ಸಲ ಸಣ್ಣಗೆ ಹೆಚ್ಚಿ, ಬಿಸಿ ಆರುತ್ತಿರುವ ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) ಬಾಗಿಲು ಸ್ವಲ್ಪ ತೆರೆದಿಟ್ಟು ಎರಡು ಸಂಜೆ ಒಣಗಿಸಿದೆ. ಒಂದು ಬೊಗಸೆ ಎಲೆಗೆ ಒಂದು ಚಮಚ ಪುಡಿ ಬಂತು. ಬೆಣ್ಣೆಗೆ ಕಾಲು ಚಮಚ ಸಾಕು, ಮೀರಿದರೆ ಕಷಾಯದ ನೆನಪಾಗುತ್ತದೆ. ಚಿಲ್ಲಿ ಫ್ಲೇಕ್ಸ್ ಬದಲು ಬ್ಯಾಡಗಿ ಮೆಣಸಿನಕಾಯಿಯ ಬೀಜ ಉದುರಿಸಿ, ಹುರಿದು ಒರಟಾಗಿ ಪುಡಿ ಮಾಡಿದ್ದು. ಬಣ್ಣ ಬರುತ್ತದೆ, ಮಕ್ಕಳ ನಾಲಿಗೆ ಉರಿಯಲ್ಲ.

ಬ್ರೆಡ್ಡಿನಲ್ಲಿ ಸೋತದ್ದು ಲೆಕ್ಕವಿಲ್ಲ. ಕುಕ್ಕರಿನಲ್ಲಿ ಉಪ್ಪು ಹಾಸಿ ಬೇಯಿಸಿದೆ, ತಳ ಇದ್ದಿಲಾಯಿತು. ಸೆಕೆಂಡ್ ಹ್ಯಾಂಡ್ ಓಟಿಜಿ 3,500ಕ್ಕೆ ತಂದೆ. ಬೇಸಿಗೆಯಲ್ಲಿ ಹಿಟ್ಟು ಎರಡು ಗಂಟೆ ಬಿಟ್ಟು ಮದುವೆಗೆ ಹೋಗಿ ಬಂದೆ. ಉಬ್ಬಿ ಕುಸಿದು ಹೆಂಡದ ವಾಸನೆ. ಆದರೂ ಬೇಯಿಸಿದೆ. ಒಳಗೆಲ್ಲ ದೊಡ್ಡ ದೊಡ್ಡ ತೂತು, ಹಚ್ಚಿದ ಬೆಣ್ಣೆ ತೂತಿನಿಂದ ಇಳಿದು ಟ್ರೇ ಸೇರಿತು. ಟೋಸ್ಟಿಗೆ ಬೇಕಾದದ್ದು ಸಣ್ಣ ಕಣ್ಣಿನ ಬ್ರೆಡ್ಡು.

ಅದನ್ನು ಸರಿ ಮಾಡಿದ್ದು ಗಂಜಿ. 300 ಗ್ರಾಂ ಮೈದಾದಲ್ಲಿ 20 ಗ್ರಾಂ ಎತ್ತಿಕೊಂಡು 100 ಮಿಲಿ ಹಾಲಿನಲ್ಲಿ ಕಲಸಿ, ಸೌಟು ಎಳೆದರೆ ಗೆರೆ ನಿಲ್ಲುವಷ್ಟು ಕುದಿಯದಂತೆ ಕಾಯಿಸುವುದು. ಆರಿದ ಮೇಲೆ ಉಳಿದ ಮೈದಾ, ಇನ್ನೂ 100 ಮಿಲಿ ಹಾಲು, ಈಸ್ಟ್ 4 ಗ್ರಾಂ, ಸಕ್ಕರೆ 20, ಉಪ್ಪು 6, ಬೆಣ್ಣೆ 25. ನಾದೋದು 15 ನಿಮಿಷ, ಕೈ ಸೋತರೂ ನಿಲ್ಲಿಸಬೇಡಿ. ಈಸ್ಟ್ ದೊಡ್ಡ ಪ್ಯಾಕೆಟ್ ತಂದು ಫ್ರೀಜರಿನಲ್ಲಿಡಿ. ಸಣ್ಣ ಡಬ್ಬಿ ತಂದು ತಂದು ನಾನು ಮೂರು ಸಲ ಸತ್ತ ಈಸ್ಟಿಗೆ ದುಡ್ಡು ಕೊಟ್ಟೆ. ಬೇಯಿಸಿದ ದಿನ ಕತ್ತರಿಸಬಾರದು. ಮಾರನೇ ದಿನ, ಹೆಬ್ಬೆರಳ ದಪ್ಪ.

ಸುಡುವಾಗ ಮೊದಲು ಬೆಣ್ಣೆ ಇಲ್ಲದೆ ಖಾಲಿ ಬ್ರೆಡ್ಡನ್ನು 150 ಡಿಗ್ರಿಯಲ್ಲಿ ಐದು ನಿಮಿಷ ಒಣಗಿಸುತ್ತೇನೆ. ಇಷ್ಟು ದಿನ ನನ್ನಿಂದ ತಪ್ಪಿಹೋಗಿದ್ದ ಹೆಜ್ಜೆ ಇದೇ. ಮೇಲೆ ಚಾಕು ಎಳೆದರೆ ಕರಕರ ಅನ್ನಬೇಕು, ನಡುವೆ ಒತ್ತಿದರೆ ತಗ್ಗಬೇಕು. ಆಮೇಲೆ ಬೆಣ್ಣೆಯನ್ನು ಅಂಚಿನ ತನಕ ಹಚ್ಚಬೇಕು. ಅಂಚು ಬಿಟ್ಟರೆ ಅಂಚು ಸೀಯುತ್ತದೆ. ಮೇಲಿನ ರಾಡ್ ಮಾತ್ರ ಹಾಕಿ 220ರಲ್ಲಿ ನಾಲ್ಕು ನಿಮಿಷ, ಪಕ್ಕದಲ್ಲೇ ನಿಂತು. ಬೆಣ್ಣೆ ಮೊದಲು ಹೊಳೆಯುತ್ತದೆ, ಆಮೇಲೆ ಗುಳ್ಳೆ, ಗುಳ್ಳೆ ನಿಂತು ಅಲ್ಲಲ್ಲಿ ಕಂದು ಚುಕ್ಕೆ ಬೀಳುತ್ತದೆ. ಆಗ ತೆಗೆಯಬೇಕು. ಇನ್ನರ್ಧ ನಿಮಿಷ ಬಿಟ್ಟರೆ ಕಹಿ. ಓಟಿಜಿ ಇಲ್ಲದವರು ಕಾವಲಿ ಮೇಲೆ ಒಂದು ಬದಿ ಒಣಗಿಸಿ, ಆ ಬದಿಗೇ ಬೆಣ್ಣೆ ಹಚ್ಚಿ, ಬೆಣ್ಣೆ ಮೇಲಿರುವ ಹಾಗೆ ಮತ್ತೆ ಇಟ್ಟು ಒಂದು ನಿಮಿಷ ಮುಚ್ಚಿ. ಕೊನೆಗೆ ಮುಚ್ಚಳ ತೆಗೆದು ಅರ್ಧ ನಿಮಿಷ. ಬೆಳ್ಳುಳ್ಳಿ ಕಾವಲಿಗೆ ತಾಗುವುದೇ ಇಲ್ಲ, ಹಾಗಾಗಿ ಸೀಯುವುದಿಲ್ಲ. ತೆಗೆದ ಮೇಲೆ, ನಮ್ಮೂರಿನ ದೋಸೆಗೆ ಹಾಕುವ ಹಾಗೆ, ಒಂದೊಂದರ ಮೇಲೂ ಕಡಲೆಬೇಳೆ ಗಾತ್ರದ ಹಸಿ ಬೆಣ್ಣೆ. ಆಮೇಲೆ ತಟ್ಟೆಗೆ ಹಾಕುವ ಮುಂಚೆ ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಲೆಕ್ಕ ಹೀಗೆ. ಕಲಿಯೋಕೆ ಹೋದ ದುಡ್ಡು ಓಟಿಜಿ ಬಿಟ್ಟು 2,500 ಆಗಿರಬಹುದು. ಈಗ ಒಂದು ಬ್ರೆಡ್ಡಿಗೆ ಮೈದಾ, ಹಾಲು, ಕರೆಂಟು ಎಲ್ಲಾ ಸೇರಿ 50 ರೂಪಾಯಿ. ಬೆಣ್ಣೆ ಬೆಳ್ಳುಳ್ಳಿಗೆ ಇನ್ನೊಂದು 70. ಹತ್ತು ಸ್ಲೈಸ್, ಅರ್ಧ ಮಾಡಿದರೆ ಇಪ್ಪತ್ತು ತುಂಡು. ತುಂಡಿಗೆ ಆರು ರೂಪಾಯಿ ಬಿತ್ತು. ಬೆಂಗಳೂರಿನಲ್ಲಿ 60 ಕೊಟ್ಟಿದ್ದೆ.

ಮುಂದಿನ ತಿಂಗಳು ನಾದಿನಿ ಮಗನ ಹುಟ್ಟುಹಬ್ಬ. ನೂರು ತುಂಡು ಬೇಕು ಅಂದಿದ್ದಾಳೆ. ಐದು ಬ್ರೆಡ್ಡು, ಬೆಣ್ಣೆ ಮುಕ್ಕಾಲು ಕೆಜಿ. ಒಂದು ಲೀಟರು ಹಾಲಿಗೆ ಅಷ್ಟು ಕೆನೆ ಬರಲ್ಲ. ನಾಳೆಯಿಂದ ಒಂದೂವರೆ ಲೀಟರು ಹಾಕಿ ಅಂತ ಹಾಲಿನವರಿಗೆ ಹೇಳಿದ್ದೇನೆ.