ಹೊಸದಾಗಿ ಬಂದವರಿಗೆ: ನಾನು ಎಡವಿದ ಜಾಗಗಳು

ಭಾರತ ಬಿಟ್ಟು ಈ ದೇಶಕ್ಕೆ ಬಂದು 14 ವರ್ಷವಾಯಿತು. ಹೊಸಬರು ಸಿಕ್ಕಾಗಲೆಲ್ಲ ಮನೆ ಎಲ್ಲಿ ಹುಡುಕೋದು, ಯಾವ ಬ್ಯಾಂಕು ಒಳ್ಳೇದು ಅಂತ ಕೇಳುತ್ತಾರೆ. ಅದೆಲ್ಲ ಎರಡು ವಾರದಲ್ಲಿ ತಾನಾಗಿ ಗೊತ್ತಾಗುತ್ತೆ. ನಾನು ಕೈ ಸುಟ್ಟುಕೊಂಡಿದ್ದೆಲ್ಲ ಸಂಕೋಚದಿಂದ.

ಬಂದ ಮೂರನೇ ತಿಂಗಳು ಪರಿಚಯದವರೊಬ್ಬರು ಬಾಡಿಗೆ ಮನೆಗೆ ಜಾಮೀನು ಹಾಕಿ ಅಂದರು. "ಬರೀ ಫಾರ್ಮಾಲಿಟಿ ರೀ." ಪೆನ್ನಿನ ಕ್ಯಾಪ್ ಆಗಲೇ ತೆಗೆದು ಹಿಡಿದಿದ್ದರು. ಆರು ಪುಟ ಇತ್ತು, ನಾನು ಕೊನೆಯದನ್ನಷ್ಟೇ ನೋಡಿದೆ, ಅದೂ ಸಹಿ ಹಾಕುವ ಗೆರೆ ಎಲ್ಲಿದೆ ಅಂತ. ಜಾಮೀನುದಾರ ಅಂದರೆ ಸಾಕ್ಷಿ ಇದ್ದ ಹಾಗೆ ಅಂದುಕೊಂಡಿದ್ದೆ. ಅವರು ಕಟ್ಟದೆ ಉಳಿಸಿದ್ದನ್ನು ನಾನು ಕಟ್ಟಬೇಕು ಅಂತ ತಿಳಿದದ್ದು, ಅವರು ಊರು ಬಿಟ್ಟ ಮೇಲೆ ನನ್ನ ಹೆಸರಿಗೆ ಪತ್ರ ಬಂದಾಗ. ಹತ್ತು ತಿಂಗಳು ಕಂತು ಕಟ್ಟಿದೆ. ಈಗ ಯಾವ ಕಾಗದಕ್ಕೂ ಕೊಟ್ಟ ದಿನವೇ ಸಹಿ ಹಾಕಲ್ಲ. "ಮನೇಲಿ ಓದಿ ನಾಳೆ ಕೊಡ್ತೀನಿ" ಅಂದರೆ ಸಾಕು. ಅದಕ್ಕೆ ಯಾರಾದರೂ ಮುಖ ಊದಿಸಿಕೊಂಡರೆ ನಾಳೆಯೂ ಹಾಕಬೇಡಿ.

ಕೆಲಸದ ಜಾಗದಲ್ಲೂ ಇದೇ ಕಥೆ. ಮೇಲಿನವರ ಮಾತಿನ ಧಾಟಿ ಅರ್ಥವಾಗದೆ ತಲೆಯಾಡಿಸಿ ಬಂದು, ಒಂದು ವಾರ ಬೇರೆಯದೇ ಕೆಲಸ ಮಾಡಿ ಕೂತಿದ್ದೆ. ಈಗ ಎದ್ದು ಬರುವ ಮುಂಚೆ "ಅಂದರೆ ನಾನು ಮಾಡಬೇಕಾದ್ದು ಇಷ್ಟು, ಸರೀನಾ?" ಅಂತ ನನ್ನ ಮಾತಲ್ಲೇ ಹೇಳಿ ನೋಡುತ್ತೇನೆ. ಅರ್ಧ ಸಲ ಸರಿ ಇರಲ್ಲ.

ಸಾಲ ಕೊಡುವುದಾದರೆ ವಾಪಸ್ ಬರದಿದ್ದರೂ ನಿದ್ದೆ ಕೆಡದಷ್ಟು ಕೊಡಿ. ಪಾಸ್‌ಪೋರ್ಟಿನ ಕೊನೆಯ ತಾರೀಕು ಈಗಲೇ ನೋಡಿಕೊಳ್ಳಿ. ಎಷ್ಟೋ ದೇಶಗಳು ಇನ್ನೂ 6 ತಿಂಗಳು ಬಾಕಿ ಇರಬೇಕು ಅನ್ನುತ್ತವೆ. ನಾನು ಸೂಟ್‌ಕೇಸ್ ಸಮೇತ ಏರ್‌ಪೋರ್ಟಿನಿಂದ ಮನೆಗೆ ಬಂದವನು.

ಇನ್ನು ಊರಿಗೆ ಮಾಡುವ ಫೋನು. ಒಮ್ಮೆ ಕೆಲಸ ಹೋಯಿತು. ನಾಲ್ಕು ತಿಂಗಳು ಅಮ್ಮನಿಗೆ "ಎಲ್ಲಾ ಚೆನ್ನಾಗಿದೆ" ಅಂತಲೇ ಹೇಳಿದೆ. ಇಲ್ಲಿ ವರ್ಷಕ್ಕೆರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ, ಭಾರತದಲ್ಲಿ ಆ ರಗಳೆ ಇಲ್ಲ. ಹಾಗಾಗಿ ಅಂತರ ಬದಲಾಗುತ್ತಿರುತ್ತೆ, ನನಗೇ ಗೊಂದಲ. ಅಮ್ಮ ಮಾತ್ರ ಕ್ಯಾಲೆಂಡರಿನ ಹಿಂದೆ ಎರಡೂ ಲೆಕ್ಕ ಬರೆದಿಟ್ಟುಕೊಂಡಿದ್ದಳು. ಒಂದು ದಿನ ಮೆಲ್ಲಗೆ ಕೇಳಿದಳು: "ಇದು ನೀನು ಆಫೀಸಲ್ಲಿರೋ ಹೊತ್ತಲ್ವೇನೋ? ತಿಂಗಳಿಂದ ಈ ಹೊತ್ತಿಗೇ ಮಾಡ್ತಿದ್ದೀಯಲ್ಲ."

ಅವತ್ತಿನಿಂದ ಕೆಟ್ಟ ಸುದ್ದಿ ಇದ್ದರೆ ಫೋನ್ ಎತ್ತಿದ ತಕ್ಷಣ ಹೇಳಿಬಿಡುತ್ತೇನೆ. ಎರಡು ನಿಮಿಷ ಸುಮ್ಮನಿರುತ್ತಾಳೆ, ಆಮೇಲೆ ಬೈಯುತ್ತಾಳೆ, ಆಮೇಲೆ ಪಕ್ಕದ ಮನೆಯವರ ವಿಷಯ ಶುರು.