ಹಳೆಯ ಹಗುರ ಸ್ಪೋರ್ಟ್ಸ್ ಕಾರಿಗೆ ರಿಮ್, ಟೈರ್ ಆರಿಸುವುದು ಹೇಗೆ?

ಎಂಜಿ ಮಿಜೆಟ್, ಎಂಜಿಬಿ, ಟ್ರಯಂಫ್ ಸ್ಪಿಟ್‌ಫೈರ್. ನಮ್ಮ ಕಡೆ ಇಂಥ ಹಳೆಯ ಬ್ರಿಟಿಷ್ ಕಾರು ಕಾಣುವುದೇ ಅಪರೂಪ. ಆದರೆ ಯಾರ ಶೆಡ್ಡಿನಲ್ಲಾದರೂ ಒಂದು ಇದ್ದರೆ, ಅವರು ಟೈರ್ ಬದಲಿಸಲು ಹೊರಟ ದಿನ ಕಲಬುರಗಿಯ ಅಂಗಡಿಯಲ್ಲಿ ಕೇಳುವ ಮೊದಲ ಮಾತು ಇದೇ: "ಅಣ್ಣಾರ, ಇದಕ್ಕ 15 ಇಂಚಿನ ಅಲಾಯ್ ಹಾಕ್ಸ್ರಿ, ಮಸ್ತ್ ಕಾಣ್ತದ ನೋಡ್ರಿ." ಕಾಣುವುದು ನಿಜ. ಓಡಿಸುವುದು ಬೇರೆ ವಿಷಯ.

ಈ ಕಾರುಗಳ ತೂಕ ಎಷ್ಟು ಅಂತ ಮೊದಲು ಯೋಚಿಸಿ. ಮಿಜೆಟ್ ಸುಮಾರು 700 ಕೆಜಿ, ಸ್ಪಿಟ್‌ಫೈರ್ ಅದಕ್ಕಿಂತ ಸ್ವಲ್ಪ ಜಾಸ್ತಿ. ಹೆಚ್ಚುಕಡಿಮೆ ಒಂದು ಮಾರುತಿ 800ರಷ್ಟೇ. ಕಾರೇ ಇಷ್ಟು ಹಗುರ ಇರುವಾಗ ಒಂದೊಂದು ಚಕ್ರಕ್ಕೆ ನಾಲ್ಕೈದು ಕೆಜಿ ಸೇರಿಸಿದರೆ ಸಸ್ಪೆನ್ಷನ್‌ಗೆ ತಕ್ಷಣ ಗೊತ್ತಾಗುತ್ತದೆ: ಗುಂಡಿಯಲ್ಲಿ ಇಳಿದ ಚಕ್ರವನ್ನು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಹಿಡಿದಿಡಲಾರವು, ಚಕ್ರ ಕುಣಿಯುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ, ಪವರ್ ಸ್ಟೀರಿಂಗ್ ಅಂತೂ ಇಲ್ಲವೇ ಇಲ್ಲ. ಅದಕ್ಕೇ ಇಂಥ ಕಾರಿಗೆ ಚಿಕ್ಕ, ಕಿರಿದಾದ, ಮೆತ್ತಗಿನ, ಹೊಸ ಟೈರ್ ಸಾಕು. ಒಳ್ಳೆಯ ಸುದ್ದಿ ಏನೆಂದರೆ ಅಂಥ ಟೈರ್ ನಮ್ಮಲ್ಲಿ ಮೂಲೆ ಅಂಗಡಿಯಲ್ಲೂ ಸಿಗುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಅಳತೆ, ಆಮೇಲೆ ಅಂಗಡಿ

ಈಗ ಕಾರಿನ ಮೇಲೆ ಇರುವ ಟೈರ್ ನೋಡಿ ಅದನ್ನೇ ಕೇಳಬೇಡಿ. ಐವತ್ತು ವರ್ಷ ಹಳೆಯ ಕಾರಿಗೆ ಹಿಂದಿನ ಮಾಲೀಕರು ಏನೇನು ತೊಡಿಸಿದ್ದಾರೋ ಯಾರಿಗೆ ಗೊತ್ತು. ಕಾರಿನ ಹ್ಯಾಂಡ್‌ಬುಕ್ ಹುಡುಕಿ, ಕಂಪನಿ ಕೊಟ್ಟ ಅಳತೆ ಬರೆದುಕೊಳ್ಳಿ. ಆಮೇಲೆ ಜ್ಯಾಕ್ ಹಾಕಿ, ಚಕ್ರ ಬಿಚ್ಚಿ, ಟೇಪು ಹಿಡಿಯಿರಿ.

ಬೇಕಾಗುವುದು ನಾಲ್ಕು ಅಳತೆ. ರಿಮ್ಮಿನ ವ್ಯಾಸ ಮತ್ತು ಅಗಲ ಸುಲಭ, ಹೆಚ್ಚಿನ ರಿಮ್ಮಿನ ಮೇಲೇ ಅಚ್ಚಾಗಿರುತ್ತದೆ. ಮೂರನೆಯದು ಪಿಸಿಡಿ, ಅಂದರೆ ನಟ್ಟಿನ ತೂತುಗಳ ನಡುವೆ ಹಾಯುವ ವೃತ್ತದ ವ್ಯಾಸ. ನಾಲ್ಕು ತೂತಿನ ರಿಮ್ಮಿನಲ್ಲಿ ಎದುರುಬದುರಿನ ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದರೆ ಮುಗಿಯಿತು. ನಾಲ್ಕನೆಯದು ಆಫ್‌ಸೆಟ್: ರಿಮ್ಮಿನ ಅಗಲದ ಮಧ್ಯಗೆರೆಯಿಂದ ಹಬ್ಬಿಗೆ (ಆಕ್ಸಲ್ ತುದಿಯಲ್ಲಿ ಚಕ್ರ ಕೂರುವ ಭಾಗಕ್ಕೆ) ತಾಗುವ ಮುಖ ಎಷ್ಟು ಹೊರಗೆ ಅಥವಾ ಒಳಗೆ ಇದೆ ಎನ್ನುವುದು. ಅಲಾಯ್ ಮೇಲೆ ಇದನ್ನು 'ಇಟಿ' ಅಂತ ಬರೆದು ಮುಂದೆ ಒಂದು ಸಂಖ್ಯೆ ಹಾಕಿರುತ್ತಾರೆ.

ಪಿಸಿಡಿ ವಿಷಯದಲ್ಲಿ ಹುಷಾರು. ಮಿಜೆಟ್‌ನದು 4 ಇಂಚು, ಅಂದರೆ 101.6 ಮಿ.ಮೀ. ಇವತ್ತಿನ ಎಷ್ಟೋ ಚಿಕ್ಕ ಕಾರುಗಳ ಅಲಾಯ್ 100 ಮಿ.ಮೀ. ಎರಡರ ನಡುವೆ ಬರೀ 1.6 ಮಿ.ಮೀ. ವ್ಯತ್ಯಾಸ. ಕೈಯಲ್ಲಿ ಹಿಡಿದು ತೂರಿಸಿದರೆ ಕೂತೇಬಿಡುತ್ತದೆ, ನಟ್ಟೂ ತಿರುಗುತ್ತದೆ, "ಆಯ್ತು ನೋಡ್ರಿ" ಅಂತ ಅಂಗಡಿಯವನು ಕೈ ಒರೆಸಿಕೊಳ್ಳುತ್ತಾನೆ. ಆದರೆ ಪ್ರತಿ ಸ್ಟಡ್ಡೂ, ಅಂದರೆ ನಟ್ಟು ಕೂರುವ ಬೋಲ್ಟೂ, ಸ್ವಲ್ಪ ಸೊಟ್ಟಗೆ ಎಳೆದುಕೊಂಡಿರುತ್ತದೆ, ನಟ್ಟಿನ ಶಂಕುವಿನಾಕಾರದ ಮುಖ ಪೂರ್ತಿ ಕೂತಿರುವುದಿಲ್ಲ. ಮೊದಲು ನಟ್ಟು ಸಡಿಲ ಆಗುತ್ತದೆ, ಆಮೇಲೆ ಸ್ಟಡ್ಡು ಮುರಿಯುತ್ತದೆ. ಇದರಲ್ಲಿ ರಾಜಿ ಬೇಡ.

ಎಂಜಿಬಿಯ ಸ್ಟೀಲ್ ರಿಮ್ 114.3 ಮಿ.ಮೀ., ಸ್ಪಿಟ್‌ಫೈರ್ 95.25 ಮಿ.ಮೀ. ಈ 95.25 ವಿಚಿತ್ರ ಅಳತೆ ಅನ್ನಿಸಬಹುದು, ಆದರೆ ನಮ್ಮ ದೇಶದಲ್ಲಿ ಅದಕ್ಕೊಂದು ಸಂಬಂಧಿಕ ಇದೆ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಇಲ್ಲೇ ತಯಾರಿಸಿದ ಸ್ಟ್ಯಾಂಡರ್ಡ್ ಹೆರಾಲ್ಡ್. 1962ರಲ್ಲಿ ಬಂದ ಸ್ಪಿಟ್‌ಫೈರ್ ಹುಟ್ಟಿದ್ದೇ ಹೆರಾಲ್ಡ್ ಚಾಸಿಯಿಂದ, ಹಾಗಾಗಿ ಎರಡರ ಪಿಸಿಡಿ ಒಂದೇ. ಸ್ಪಿಟ್‌ಫೈರ್‌ಗೆ ರಿಮ್ ಸಿಗದವರು ಹಳೆಯ ಹೆರಾಲ್ಡ್ ಬಿಡಿಭಾಗ ಇಟ್ಟವರನ್ನು ಹುಡುಕಲಿ. ಹೆರಾಲ್ಡ್ ಇಟ್ಟುಕೊಂಡವರಿಗೂ ಈ ಲೇಖನದ ಮುಕ್ಕಾಲು ಪಾಲು ಅನ್ವಯಿಸುತ್ತದೆ.

ಸ್ಟೀಲೋ, ವೈರೋ, ಅಲಾಯೋ

ನನ್ನನ್ನು ಕೇಳಿದರೆ ನಮ್ಮ ರಸ್ತೆಗೆ ಸ್ಟೀಲ್. ನೋಡಲು ಸಾದಾ, ಒಪ್ಪಿಕೊಳ್ಳುತ್ತೇನೆ. ಆದರೆ ಎರೆಮಣ್ಣಿನ ಮೇಲೆ ಹಾಕಿದ ರಸ್ತೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಅಲೆಅಲೆಯಾಗಿರುತ್ತದೆ, ಅದರ ಮೇಲೆ ಸೇಡಂ, ವಾಡಿ ಕಡೆ ಸಿಮೆಂಟ್ ಲಾರಿಗಳು ಓಡಿ ಅಂಚು ಕಿತ್ತಿರುತ್ತದೆ. ಅಂಥ ಗುಂಡಿಯಲ್ಲಿ ಬಿದ್ದರೆ ಸ್ಟೀಲ್ ರಿಮ್ ಬೆಂಡಾಗುತ್ತದೆ, ಸಣ್ಣ ಬೆಂಡನ್ನು ತೆಗೆಸಬಹುದು. ಅಲಾಯ್ ಸೀಳು ಬಿಟ್ಟರೆ ಕಥೆ ಮುಗಿದಂತೆ. ಬೆಸುಗೆ ಹಾಕಿ ಕೊಡುವವರು ಇದ್ದಾರೆ, ಆದರೆ ಆ ಚಕ್ರದ ಮೇಲೆ ನಿಮ್ಮ ಮನೆಯವರನ್ನು ಕೂರಿಸಬೇಡಿ.

ಅಲಾಯ್ ಬೇಕೇಬೇಕು ಅಂದರೆ ಅದೇ 13 ಅಥವಾ 14 ಇಂಚಿನಲ್ಲಿ ಹಗುರವಾದದ್ದನ್ನು ಆರಿಸಿ, ಕೊಳ್ಳುವ ಮುಂಚೆ ತಕ್ಕಡಿಯಲ್ಲಿ ಇಟ್ಟು ನೋಡಿ. ಅಗ್ಗದ ಅಲಾಯ್ ಎಷ್ಟೋ ಸಲ ಹಳೆಯ ಸ್ಟೀಲ್ ರಿಮ್ಮಿಗಿಂತ ಭಾರ ಇರುತ್ತದೆ. ಹಾಗಾದರೆ ಅಲಾಯ್ ಯಾಕೆ ಹಾಕಿಸಿದಿರಿ? ಇನ್ನೊಂದು, ಅಲಾಯ್ ದಪ್ಪ ಇರುವುದರಿಂದ ಹಳೆಯ ಸ್ಟಡ್ಡಿಗೆ ನಟ್ಟು ಸಾಕಷ್ಟು ಸುತ್ತು ಕೂರುವುದಿಲ್ಲ. ಸ್ಟಡ್ಡಿನ ದಪ್ಪ ಎಷ್ಟಿದೆಯೋ ಕನಿಷ್ಠ ಅಷ್ಟು ಆಳ ನಟ್ಟು ಹಿಡಿದಿರಬೇಕು. ಇಲ್ಲದಿದ್ದರೆ ಉದ್ದನೆಯ ಸ್ಟಡ್ಡು, ಅಲಾಯ್‌ಗೆ ಹೊಂದುವ ನಟ್ಟು ಎರಡೂ ಬೇಕು.

ಸೈಕಲ್ ಚಕ್ರದ ಹಾಗೆ ಕಡ್ಡಿಗಳಿರುವ ವೈರ್ ವೀಲ್ ಚೆಂದ. ಅದರಷ್ಟು ಚೆಂದ ಬೇರೆ ಯಾವುದೂ ಇಲ್ಲ. ಆದರೆ ಹಳೆಯದನ್ನು ಕೊಳ್ಳುವಾಗ ಒಂದು ಪಾನಾದಿಂದ ಪ್ರತಿ ಕಡ್ಡಿಯನ್ನೂ ಮೆಲ್ಲಗೆ ತಟ್ಟಿ. ಬಿಗಿ ಇದ್ದದ್ದು ಟಣ್ ಅನ್ನುತ್ತದೆ, ಸಡಿಲ ಇದ್ದದ್ದು ಮಂಕಾಗಿ ಕೇಳುತ್ತದೆ. ಹಬ್ಬಿನ ಮೇಲಿನ ಹಲ್ಲುಗಳು ಸವೆದಿವೆಯೇ ಅಂತ ನೋಡಲು ಬ್ರೇಕ್ ಹಿಡಿದು ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ. ಕಟಕಟ ಶಬ್ದ ಬಂದರೆ ಬೇಡ. ಮಾಮೂಲಿ ವೈರ್ ವೀಲ್‌ನಲ್ಲಿ ಕಡ್ಡಿಗಳ ತುದಿ ರಿಮ್ಮಿನ ಒಳಗೆ ಬರುವುದರಿಂದ ಟ್ಯೂಬ್ ಮತ್ತು ಒಳಪಟ್ಟಿ ಬೇಕೇಬೇಕು. ಹಾಗಂದ ಮೇಲೆ ನಮ್ಮ ಜಾಲಿ ಮುಳ್ಳನ್ನು ನೆನೆಸಿಕೊಳ್ಳಿ. ಟ್ಯೂಬ್‌ಲೆಸ್ ಆದರೆ ಮುಳ್ಳು ಚುಚ್ಚಿದರೂ ಮೆಲ್ಲಗೆ ಗಾಳಿ ಇಳಿಯುತ್ತದೆ, ಮನೆ ಮುಟ್ಟಬಹುದು. ಟ್ಯೂಬ್ ಆದರೆ ಅಲ್ಲೇ ಕೂರಬೇಕು. ಬ್ಯಾಲೆನ್ಸಿಂಗ್ ಯಂತ್ರಕ್ಕೂ ವೈರ್ ವೀಲ್ ಕೂರಿಸಲು ಬೇರೆ ಅಡಾಪ್ಟರ್ ಬೇಕು, ಅದು ಸಿಗದಿದ್ದರೆ ಹೈದರಾಬಾದ್ ದಾರಿ ಹಿಡಿಯಬೇಕಾಗುತ್ತದೆ. ಬೀದರಿನವರಿಗೆ ಅದು ಹತ್ತಿರ, ಯಾದಗಿರಿಯವರಿಗೆ ಒಂದು ದಿನದ ಕೆಲಸ.

ಟೈರಿನ ಲೆಕ್ಕ

155/80 ಆರ್ 13 ಅಂದರೆ ಟೈರಿನ ಅಗಲ 155 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ 80, 'ಆರ್' ಅಂದರೆ ರೇಡಿಯಲ್ (ಇವತ್ತಿನ ಮಾಮೂಲಿ ಟೈರ್), 13 ಇಂಚಿನ ರಿಮ್. ಹಳೆಯ ಟೈರಿನ ಮೇಲೆ 165 ಆರ್ 14 ಅಂತ ಮಾತ್ರ ಇದ್ದರೆ ಗಾಬರಿ ಬೇಡ, ಶೇ 80ರ ಆಸುಪಾಸು ಅಂತ ತಿಳಿಯಿರಿ.

ಈಗ ಆ ಒಳ್ಳೆಯ ಸುದ್ದಿ. ಕೊನೆಯ ಸ್ಪಿಟ್‌ಫೈರ್‌ಗಳ ಅಳತೆ 155 ಆರ್ 13. ಈಗಿನ ವ್ಯಾಗನ್ ಆರ್‌ನ ಒಂದು ಲೀಟರ್ ಎಂಜಿನ್ ಮಾಡೆಲ್‌ಗೆ ಬರುವುದು 155/80 ಆರ್ 13. ಎಂಜಿಬಿಗೆ ಸಾಮಾನ್ಯವಾಗಿ ಹಾಕುವುದು 165 ಆರ್ 14, ಹಳೆಯ ಸ್ವಿಫ್ಟ್ ಮತ್ತು ಟ್ಯಾಕ್ಸಿಗೆ ಓಡುವ ಡಿಸೈರ್‌ನದು 165/80 ಆರ್ 14. ಮಿಜೆಟ್‌ನ 145 ಆರ್ 13ಕ್ಕೆ ಆಲ್ಟೊ ಕೆ10ರ 145/80 ಆರ್ 13 ಇದೆ. ಕಲಬುರಗಿ ಸೂಪರ್ ಮಾರ್ಕೆಟ್ ಸುತ್ತ ನಿಂತ ಟ್ಯಾಕ್ಸಿಗಳ ಕಾಲಿನಲ್ಲಿ ಇರುವುದು ನಿಮ್ಮ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಅಳತೆಯೇ! ಬೇರೆ ದೇಶಗಳಲ್ಲಿ ಇದಕ್ಕಾಗಿ ವಿಶೇಷ ಅಂಗಡಿ ಹುಡುಕಿ ದುಬಾರಿ ಬೆಲೆ ಕೊಡುತ್ತಾರೆ, ನಮ್ಮಲ್ಲಿ ಸ್ಟಾಕ್ ಇದ್ದೇ ಇರುತ್ತದೆ.

ಸ್ವಲ್ಪ ಅಗಲ ಬೇಕು ಅನ್ನಿಸಿದರೆ ಲೆಕ್ಕ ಹಾಕಿ, ಅಂದಾಜು ಬೇಡ. 155/80 ಆರ್ 13ರ ಒಟ್ಟು ಎತ್ತರ: 155ರ ಶೇ 80 ಅಂದರೆ 124, ಮೇಲೆ ಕೆಳಗೆ ಸೇರಿ 248, ಅದಕ್ಕೆ 13 ಇಂಚಿನ 330 ಸೇರಿಸಿದರೆ 578 ಮಿ.ಮೀ. ಅದೇ ರೀತಿ 175/70 ಆರ್ 13 ಲೆಕ್ಕ ಹಾಕಿದರೆ 575. ಮೂರೇ ಮಿ.ಮೀ. ವ್ಯತ್ಯಾಸ, ಚಿಂತೆ ಇಲ್ಲ. 185/60 ಆರ್ 13 ಹಾಕಿದರೆ 552. ಶೇ 4.5 ಕಡಿಮೆ. ಸ್ಪೀಡೋಮೀಟರ್ 100 ತೋರಿಸುವಾಗ ಕಾರು 95ರ ಸುಮಾರಿನಲ್ಲಿ ಇರುತ್ತದೆ, ಎಂಜಿನ್ ಜಾಸ್ತಿ ಸುತ್ತುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಕಾರು 13 ಮಿ.ಮೀ. ತಗ್ಗುತ್ತದೆ. ಮೊದಲೇ ನೆಲಕ್ಕೆ ಅಂಟಿಕೊಂಡ ಕಾರು. ನಮ್ಮ ಹಳ್ಳಿಗಳ ಹಂಪ್‌ಗಳ ಎತ್ತರ ನಿಮಗೆ ಗೊತ್ತು, ಸೈಲೆನ್ಸರ್ ಕಿತ್ತುಬರುತ್ತದೆ. ವ್ಯತ್ಯಾಸ ಶೇ 2ರೊಳಗೆ ಇರಲಿ.

ಟೈರ್ ಅಗಲ ಮಾಡುವ ಮುಂಚೆ ರಿಮ್ಮಿನ ಅಗಲವೂ ನೋಡಿ. ಹೆರಾಲ್ಡ್, ಮೊದಲ ಸ್ಪಿಟ್‌ಫೈರ್‌ಗಳ ರಿಮ್ ಬರೀ 3.5 ಇಂಚು. ಅದಕ್ಕೆ 145 ಸಾಕು. 175 ಬೇಕಾದರೆ 5 ಇಂಚಿನ ರಿಮ್ ಬೇಕು. ಕಿರಿದಾದ ರಿಮ್ಮಿಗೆ ಅಗಲದ ಟೈರ್ ತುರುಕಿದರೆ ಪಕ್ಕದ ಗೋಡೆ ಉಬ್ಬಿ, ತಿರುವಿನಲ್ಲಿ ಟೈರ್ ಹೊರಳಾಡುತ್ತದೆ.

ಹೆರಾಲ್ಡ್ ಮತ್ತು ಹಳೆಯ ಸ್ಪಿಟ್‌ಫೈರ್ ಇರುವವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಇವುಗಳ ಹಿಂದಿನ ಸಸ್ಪೆನ್ಷನ್ ಸ್ವಿಂಗ್ ಆಕ್ಸಲ್. ಅಂದರೆ ಹಿಂದಿನ ಒಂದೊಂದು ಚಕ್ರವೂ ಡಿಫರೆನ್ಷಿಯಲ್ ಪಕ್ಕದ ಒಂದೇ ಕೀಲಿನ ಮೇಲೆ ಏರಿಳಿಯುತ್ತದೆ. ಜೋರಾಗಿ ತಿರುವು ತೆಗೆದುಕೊಳ್ಳುವಾಗ ಮಧ್ಯದಲ್ಲಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೇಲೆದ್ದು, ಹೊರಗಿನ ಚಕ್ರ ಕಾರಿನ ಕೆಳಗೆ ಮಡಚಿಕೊಳ್ಳಲು ನೋಡುತ್ತದೆ. ಕಿರಿದಾದ ಟೈರ್ ಅದಕ್ಕೂ ಮುಂಚೆಯೇ ಜಾರಿ ನಿಮ್ಮನ್ನು ಎಚ್ಚರಿಸುತ್ತದೆ. ಅಗಲದ, ಗಟ್ಟಿ ಹಿಡಿತದ ಟೈರ್ ಜಾರುವುದಿಲ್ಲ, ಆ ಬಲವೆಲ್ಲ ಚಕ್ರವನ್ನು ಮಡಚಲು ಹೋಗುತ್ತದೆ. ಹಿಡಿತ ಜಾಸ್ತಿ ಆದಷ್ಟೂ ಸುರಕ್ಷಿತ ಅನ್ನುವ ಮಾತು ಇಲ್ಲಿ ಸುಳ್ಳು. ಇದೊಂದೇ ಕಾರಣಕ್ಕೆ ನಾನು ಕಂಪನಿ ಅಳತೆ ಬಿಟ್ಟು ಕದಲಬೇಡಿ ಅನ್ನುವುದು.

ಅಂಗಡಿಯಲ್ಲಿ ಏನು ಓದಬೇಕು

ತಯಾರಾದ ದಿನ. ಟೈರಿನ ಪಕ್ಕದಲ್ಲಿ ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 3524 ಅಂದರೆ 2024ರ 35ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಮುಟ್ಟಲೇಬೇಡಿ. ಇಂಥ ಕಾರು ವರ್ಷಕ್ಕೆ ಓಡುವುದೇ ಸ್ವಲ್ಪ. ಹಾಗಾಗಿ ಟೈರ್ ಸವೆದು ಸಾಯುವುದಿಲ್ಲ, ವಯಸ್ಸಾಗಿ ಸಾಯುತ್ತದೆ. ಟೈರಿನ ತೋಡುಗಳೆಲ್ಲ ಹೊಸದರಂತೆ ಆಳ ಇರುತ್ತವೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಕಲಬುರಗಿಯ 42 ಡಿಗ್ರಿ ಬಿಸಿಲಿಗೆ ನಿಲ್ಲಿಸಿದರೆ ಇನ್ನೂ ಬೇಗ. ಆರು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಬಿರುಕು ನೋಡಿ, ಹತ್ತಾದರೆ ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಿ. ಕಾನೂನಿನ ಪ್ರಕಾರ ತೋಡಿನ ಆಳ ಕನಿಷ್ಠ 1.6 ಮಿ.ಮೀ. ಇರಬೇಕು, ಆದರೆ ನಿಮ್ಮ ಕಾರು ಆ ಹಂತಕ್ಕೆ ಹೋಗುವುದು ಕಡಿಮೆಯೇ.

ಅಳತೆಯ ಪಕ್ಕದಲ್ಲಿ 79 ಟಿ ಅಂತ ಇದ್ದರೆ ಒಂದು ಟೈರ್ 437 ಕೆಜಿ ಹೊರುತ್ತದೆ, ಗಂಟೆಗೆ 190 ಕಿ.ಮೀ. ತಡೆಯುತ್ತದೆ. ನಾಲ್ಕು ಸೇರಿ 1,700 ಕೆಜಿಗೂ ಜಾಸ್ತಿ. ಸಾಕಷ್ಟೇ ಅಲ್ಲ, ಬೇಕಾದ್ದಕ್ಕಿಂತ ಹೆಚ್ಚು.

ಒಂದೇ ಅಳತೆಯಲ್ಲಿ ಎರಡು ಮೂರು ಮಾಡೆಲ್ ತೋರಿಸುತ್ತಾರೆ. "ಲಕ್ಷ ಕಿ.ಮೀ. ಬಾಳಿಕೆ ಬರ್ತದ್ರಿ" ಅಂತ ಹೊಗಳುವುದು ಟ್ಯಾಕ್ಸಿಯವರಿಗೆ ಮಾಡಿದ ಗಟ್ಟಿ ರಬ್ಬರ್. ಹಗುರ ಕಾರು ಅದನ್ನು ಬಿಸಿ ಮಾಡುವುದೇ ಇಲ್ಲ, ಮಳೆಯಲ್ಲಿ ಜಾರುತ್ತದೆ. ಮೆತ್ತಗಿನ, ಹಿಡಿತದ ಮಾಡೆಲ್ ಕೇಳಿ. ಬಾಳಿಕೆಯ ಚಿಂತೆ ನಿಮಗೆ ಬೇಡ ಅಲ್ವಾ? ಐದನೆಯದನ್ನೂ, ಅಂದರೆ ಸ್ಟೆಪ್ನಿಗೂ, ಜೊತೆಗೇ ತೆಗೆದುಕೊಳ್ಳಿ. ಎಷ್ಟೋ ಹಳೆಯ ಕಾರುಗಳ ಡಿಕ್ಕಿಯಲ್ಲಿ ಇನ್ನೂ ಕ್ರಾಸ್‌ಪ್ಲೈ, ಅಂದರೆ ರೇಡಿಯಲ್‌ಗಿಂತ ಹಿಂದಿನ ಕಾಲದ ಬಗೆಯ, ಸ್ಟೆಪ್ನಿ ಮಲಗಿರುತ್ತದೆ. ಒಂದೇ ಆಕ್ಸಲ್‌ನಲ್ಲಿ ರೇಡಿಯಲ್ ಮತ್ತು ಕ್ರಾಸ್‌ಪ್ಲೈ ಬೆರೆಸುವ ಹಾಗಿಲ್ಲ.

ಹಾಕಿಸುವಾಗ, ಹಾಕಿಸಿದ ಮೇಲೆ

ಐದಕ್ಕೂ ದುಡ್ಡು ಕೊಡುವ ಮುಂಚೆ ಒಂದನ್ನು ಹಾಕಿಸಿ ನೋಡಿ. ಮುಂದಿನ ಚಕ್ರಕ್ಕೆ ಹಾಕಿ ಸ್ಟೀರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ. ಹಿಂದೆ ಹಾಕಿದಾಗ ಮಡ್‌ಗಾರ್ಡ್ ಅಂಚಿನ ಒಳಗೆ ಚಪಾತಿ ಹಿಟ್ಟಿನ ಉಂಡೆ ಅಂಟಿಸಿ, ಇಬ್ಬರನ್ನು ಕೂರಿಸಿಕೊಂಡು ಒಂದು ಹಂಪ್ ಹಾಯಿಸಿ ಬನ್ನಿ. ಹಿಟ್ಟು ಎಷ್ಟು ಒತ್ತಿದೆ ನೋಡಿದರೆ ಎಷ್ಟು ಜಾಗ ಉಳಿದಿದೆ ಅಂತ ಗೊತ್ತಾಗುತ್ತದೆ. ಮನೆಯಲ್ಲಿ ಬೈಸಿಕೊಂಡರೂ ಪರವಾಗಿಲ್ಲ.

ನಟ್ಟು ಬಿಗಿಯಲು ಏರ್ ಗನ್ ಬೇಡ ಅಂತ ಮೊದಲೇ ಹೇಳಿ. ಹೆರಾಲ್ಡ್, ಸ್ಪಿಟ್‌ಫೈರ್ ಸ್ಟಡ್ಡುಗಳು ಸಣ್ಣವು, ಗನ್ ಹಿಡಿದರೆ ಹಲ್ಲು ಹೋಗುತ್ತದೆ. ಕೈಯಿಂದಲೇ, ಎದುರುಬದುರು ಕ್ರಮದಲ್ಲಿ, ವೀಲ್ ಪಾನಾ ಹಿಡಿದು ಬಿಗಿಸಿ. ಟಾರ್ಕ್ ರೆಂಚ್ ಇದ್ದರೆ ಹ್ಯಾಂಡ್‌ಬುಕ್ ಅಳತೆಗೆ ಬಿಗಿಸಿ.

ಗಾಳಿ ವಿಷಯ. ಪೆಟ್ರೋಲ್ ಬಂಕಿನಲ್ಲಿ ಸುಮ್ನೆ ನಿಂತರೆ 35 ಹೊಡೆದು ಕಳಿಸುತ್ತಾರೆ. ಹಗುರ ಕಾರಿಗೆ ಅದು ಬಹಳ ಜಾಸ್ತಿ. ಟೈರಿನ ನಡುಭಾಗ ಮಾತ್ರ ರಸ್ತೆಗೆ ತಾಗುತ್ತದೆ, ಕಾರು ಜಿಗಿಯುತ್ತದೆ. ಮಿಜೆಟ್, ಸ್ಪಿಟ್‌ಫೈರ್‌ಗಿಂತ ಭಾರದ, ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ಗೇ ಕಂಪನಿ ಹೇಳಿದ್ದು 26 ಪಿಎಸ್‌ಐ. ನಿಮ್ಮ ಹ್ಯಾಂಡ್‌ಬುಕ್‌ನಲ್ಲಿ ಹಿಂದೆ ಮುಂದೆ ಬೇರೆ ಬೇರೆ ಸಂಖ್ಯೆ ಇರುತ್ತದೆ, ಅದನ್ನು ಹಾಗೇ ಉಳಿಸಿಕೊಳ್ಳಿ. ಬೆಳಿಗ್ಗೆ ತಣ್ಣಗಿರುವಾಗ ನಿಮ್ಮದೇ ಗೇಜ್‌ನಿಂದ ನೋಡಿ. ಐದಾರು ಡಿಗ್ರಿ ಬಿಸಿ ಏರಿದರೆ ಸುಮಾರು 1 ಪಿಎಸ್‌ಐ ಏರುತ್ತದೆ. ಮೇ ತಿಂಗಳಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಬರೀ ಹವೆಯಿಂದಲೇ ಎರಡು ಮೂರು ಏರುವುದು ಸಹಜ. ಜಾಸ್ತಿ ಆಯಿತು ಅಂತ ಮಧ್ಯಾಹ್ನ ಗಾಳಿ ಬಿಡಬೇಡಿ.

ಹೊಸ ಟೈರಿನ ಮೇಲೆ ಅಚ್ಚಿನ ಜಿಡ್ಡು ಇರುತ್ತದೆ, ಮೊದಲ 200-300 ಕಿ.ಮೀ. ನಿಧಾನ. ಹುಮನಾಬಾದ್ ತನಕ ಒಂದು ಸುತ್ತು ಹೋಗಿ ಬನ್ನಿ, ಅಲ್ಲಿ ಚಹಾ ಕುಡಿದು, ಚಕ್ರ ತಣ್ಣಗಾದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿ. ವೈರ್ ವೀಲ್ ಇದ್ದರೆ ಅದರ ನಡುವಿನ ದೊಡ್ಡ ನಟ್ಟನ್ನು ಬಡಿದು ಬಿಚ್ಚುವ ತಾಮ್ರದ ಸುತ್ತಿಗೆಯನ್ನು ಡಿಕ್ಕಿಯಲ್ಲಿ ಮರೆಯದೆ ಇಟ್ಟುಕೊಂಡಿರಿ, ದಾರಿಯ ಪಂಕ್ಚರ್ ಅಂಗಡಿಯಲ್ಲಿ ಕಬ್ಬಿಣದ್ದು ಮಾತ್ರ ಸಿಗುತ್ತದೆ.