ಹೆಣ್ಣು ಜಿಂಕೆಗೆ ಕೋವಿ ಎತ್ತುವ ಮುನ್ನ

ಮೂಡಿಗೆರೆ ಕಡೆಯ ನಮ್ಮ ತೋಟದ ಮನೆಯಲ್ಲಿ ದೊಡ್ಡಪ್ಪನ ಕೋವಿ ಗೋಡೆಯ ಮೇಲೆ ತೂಗುತ್ತಿತ್ತು. ಅದು ಕೆಳಗಿಳಿದದ್ದನ್ನು ನಾನು ಕಂಡದ್ದು ಆಯುಧಪೂಜೆಯ ದಿನ ಮಾತ್ರ. ಜಡಿಮಳೆಯ ಸಂಜೆಗಳಲ್ಲಿ ಜಗಲಿಯ ಮೇಲೆ ಕುಳಿತು ಅವರು ಹೇಳುತ್ತಿದ್ದ ಶಿಕಾರಿಯ ಕಥೆಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಿಂತ ಹಿಂದಿನವು. ಆ ಕಥೆಗಳಲ್ಲಿ ಕಾಡು, ನಾಯಿ, ಜೊತೆಗಾರರು ಬದಲಾಗುತ್ತಿದ್ದರೂ ಒಂದು ಮಾತು ಬದಲಾಗುತ್ತಿರಲಿಲ್ಲ: "ಹೆಣ್ಣಿಗೆ ಕೋವಿ ಎತ್ತಬಾರದು, ತಮ್ಮಾ. ಗಬ್ಬದ ಜಿಂಕೆ ಹೊಡೆದವನ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ."

ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ನಾನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಬಂದೆ. 2011ರಲ್ಲಿ ಮ್ಯಾಡಿಸನ್ ನಗರದಿಂದ ಒಂದು ಗಂಟೆಯ ದಾರಿಯಲ್ಲಿ, ಸಾಕ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಬಾರಬೂ ಗುಡ್ಡಗಳ ಮಗ್ಗುಲಲ್ಲಿ, 40 ಎಕರೆ ಓಕ್ ಕಾಡು ಕೊಂಡೆ. 1973ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಬೇಟೆಯ ಸುರಕ್ಷತಾ ತರಬೇತಿ ಮುಗಿಸದೆ ಪರವಾನಗಿ ಪಡೆಯುವಂತಿಲ್ಲ. ಅದನ್ನೂ ಮುಗಿಸಿದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಇಲ್ಲಿ 9 ದಿನಗಳ ಕೋವಿ ಬೇಟೆ ಶುರುವಾಗುತ್ತದೆ. ಆ ಮೊದಲ ನವೆಂಬರಿನಲ್ಲಿ ನನ್ನ ಬಳಿ ಕೊಂಬಿನ ಗಂಡಿಗೆ ಒಂದು ಟ್ಯಾಗ್ (ಒಂದು ಜಿಂಕೆ ಹೊಡೆಯಲು ಕೊಡುವ ಅನುಮತಿ ಚೀಟಿ), ಕೊಂಬಿಲ್ಲದ ಜಿಂಕೆಗೆ, ಅಂದರೆ ಹೆಣ್ಣು ಅಥವಾ ಮರಿಗೆ, ಒಂದು ಟ್ಯಾಗ್ ಇದ್ದವು. ಎರಡನೆಯದನ್ನು ಮಡಿಚಿ ಜೇಬಿನಲ್ಲೇ ಇಟ್ಟೆ. ಮುಂದಿನ ಎರಡು ವರ್ಷವೂ ಹಾಗೆಯೇ ಮಾಡಿದೆ. ಅಟ್ಟಣೆಯ ಕೆಳಗೆ ಹೆಣ್ಣು ಜಿಂಕೆಗಳು ಮರಿಗಳೊಂದಿಗೆ ಹಾದುಹೋಗುವುದನ್ನು ನೋಡುತ್ತ, ಬಿಟ್ಟದ್ದೇ ಪುಣ್ಯ ಎಂದುಕೊಂಡಿದ್ದೆ.

2014ರ ವಸಂತದಲ್ಲಿ ಅರಣ್ಯಶಾಸ್ತ್ರ ಓದಿದ ಪರಿಚಯದವರೊಬ್ಬರು ನನ್ನ ಕಾಡು ನೋಡಲು ಬಂದರು. ಜಿಂಕೆ ಎಷ್ಟಿವೆ ಎಂದು ಅವರು ಕೇಳಲೇ ಇಲ್ಲ. ನಿಮ್ಮ ಮೊಣಕಾಲಿನೆತ್ತರದ ಓಕ್ ಸಸಿ ಒಂದನ್ನು ತೋರಿಸಿ ಎಂದರು. ಅರ್ಧ ದಿನ ಹುಡುಕಿದೆವು. ಎರಡು ಕೈಯಲ್ಲಿ ತಬ್ಬಲಾಗದ ಓಕ್‌ಗಳ ಕೆಳಗೆ ಅಂಗೈಯಷ್ಟು ಎತ್ತರದ ಸಸಿಗಳಿದ್ದವು, ಅದಕ್ಕಿಂತ ಎತ್ತರದ್ದು ಒಂದೂ ಇರಲಿಲ್ಲ. ಮುದುಕರಷ್ಟೇ ಉಳಿದ ಊರಿನಂತಿತ್ತು ನನ್ನ ಕಾಡು. ಜಿಂಕೆಯ ಬಾಯಿಗೆ ಎಟುಕುವ ಎತ್ತರದವರೆಗೆ ಹಸಿರೇ ಇಲ್ಲ, ಅಲ್ಲಿಂದ ಮೇಲೆ ಕತ್ತರಿಸಿ ಗೆರೆ ಎಳೆದಂತೆ ಎಲೆ. ಜಿಂಕೆ ಮೂಸಿ ಬಿಡುವ ಬಕ್‌ತಾರ್ನ್ ಪೊದೆ ಮತ್ತು ಗಾರ್ಲಿಕ್ ಮಸ್ಟರ್ಡ್ ಕಳೆ ಮಾತ್ರ ಸೊಂಪಾಗಿದ್ದವು. ಎರಡೂ ಹೊರಗಿನಿಂದ ಬಂದವು.

ಅವರು ಒಂದು ಕಡ್ಡಿಯ ತುದಿಯನ್ನು ನನ್ನ ಕೈಗಿತ್ತರು. ಜಿಂಕೆಗೆ ಮೇಲ್ದವಡೆಯಲ್ಲಿ ಮುಂಬಲ್ಲುಗಳಿಲ್ಲ. ಅದು ಚಿಗುರನ್ನು ಕಚ್ಚಿ ಎಳೆಯುತ್ತದೆ, ತುದಿ ನಾರುನಾರಾಗಿ ಹರಿಯುತ್ತದೆ. ಮೊಲ ಕಡಿದರೆ ಚಾಕುವಿನಲ್ಲಿ ಓರೆಯಾಗಿ ಕೊಯ್ದಂತಿರುತ್ತದೆ. ನನ್ನ ಕೈಯಲ್ಲಿದ್ದ ತುದಿ ನಾರುನಾರಾಗಿತ್ತು. ಆ ಹೊತ್ತಿನಲ್ಲಿ ನನಗಾದ ಸಂಕಟವನ್ನು ಈಗಲೂ ಮರೆತಿಲ್ಲ. ಮೂರು ವರ್ಷ ನಾನು ಕಾಪಾಡಿದ್ದೆನೆಂದುಕೊಂಡದ್ದು ಒಂದು ಕಾಡು ಹುಟ್ಟದಂತೆ ತಡೆದಿತ್ತು.

ದೊಡ್ಡಪ್ಪನ ಮಾತು ಸುಳ್ಳೇ ಹಾಗಾದರೆ? ಅಂದು ರಾತ್ರಿಯಿಡೀ ಅದೇ ಯೋಚನೆ. ಈಗ ಅನ್ನಿಸುವುದು, ಆ ಮಾತು ಅದು ಹುಟ್ಟಿದ ನೆಲದಲ್ಲಿ ನೂರಕ್ಕೆ ನೂರು ಸರಿ. ನಮ್ಮ ಚುಕ್ಕೆ ಜಿಂಕೆಗೆ ಈಯುವ ಕಾಲವೆಂದು ಒಂದೇ ಇಲ್ಲ, ವರ್ಷದ ಯಾವ ತಿಂಗಳಲ್ಲೂ ಗಬ್ಬವಾಗಿರಬಹುದು, ಹಾಲೂಡುವ ಮರಿ ಪೊದೆಯಲ್ಲಿ ಕಾಯುತ್ತಿರಬಹುದು. ಅದರ ಬೆನ್ನಿಗೆ ಹುಲಿ, ಚಿರತೆ, ಸೀಳುನಾಯಿ ಇವೆ. ಅಲ್ಲಿ ಹೆಣ್ಣನ್ನು ಉಳಿಸುವುದೆಂದರೆ ಹಿಂಡನ್ನೇ ಉಳಿಸುವುದು. ಇಲ್ಲಿನ ಬಿಳಿಬಾಲದ ಜಿಂಕೆಯ ಬದುಕು ಬೇರೆ. ನವೆಂಬರಿನಲ್ಲಿ ಬೆದೆ, ಸುಮಾರು 200 ದಿನಗಳ ಗಬ್ಬ, ಮೇ ಕೊನೆಯಿಂದ ಜೂನ್ ಹೊತ್ತಿಗೆ ಮರಿ. ಬೆಳೆದ ಹೆಣ್ಣಿಗೆ ಅವಳಿ ಮರಿ ಸಾಮಾನ್ಯ. ಸೋಯಾ, ಜೋಳ, ಕುದುರೆಮೆಂತೆ ಬೆಳೆಯುವ ಈ ಸೀಮೆಯಲ್ಲಿ ಆ ವರ್ಷವೇ ಹುಟ್ಟಿದ ಕೆಲವು ಹೆಣ್ಣು ಮರಿಗಳೂ ಡಿಸೆಂಬರಿನಲ್ಲಿ ಗಬ್ಬ ಕಟ್ಟುತ್ತವೆ. ದಕ್ಷಿಣ ವಿಸ್ಕಾನ್ಸಿನ್ನಿನಲ್ಲಿ ತೋಳದ ಹಿಂಡುಗಳು ಇಲ್ಲವೆನ್ನುವಷ್ಟು ಕಡಿಮೆ. ತೋಳದ ಚಿಕ್ಕ ಬಂಧುವಾದ ಕೊಯೊಟೆ ಎಳೆಮರಿಗಳನ್ನು ಹಿಡಿಯುತ್ತದೆ, ಬೆಳೆದವುಗಳ ತಂಟೆಗೆ ಹೋಗುವುದು ಕಡಿಮೆ. ಇನ್ನು ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವುದರಿಂದ ಗಂಡನ್ನಷ್ಟೇ ಹೊಡೆದರೆ ಹಿಂಡಿನ ಬೆಳವಣಿಗೆಗೆ ಕಡಿವಾಣವೇ ಬೀಳುವುದಿಲ್ಲ.

ತಬ್ಬಲಿ ಮರಿಗಳ ಚಿಂತೆ ನನ್ನನ್ನು ಹೆಚ್ಚು ಕಾಡಿತ್ತು. ನವೆಂಬರಿನ ಹೊತ್ತಿಗೆ ಮರಿಗೆ ಐದು ತಿಂಗಳು ತುಂಬಿರುತ್ತದೆ, ಹಾಲು ಬಿಟ್ಟು ತಾನೇ ಮೇಯುತ್ತಿರುತ್ತದೆ. ತಾಯಿ ಇಲ್ಲದೆಯೂ ಬದುಕುತ್ತದೆ. ಇದು ಗೊತ್ತಾದ ಮೇಲೂ ನಾನು ಸೆಪ್ಟೆಂಬರಿನ ಬಿಲ್ಲು ಬೇಟೆಯಲ್ಲಿ ಹೆಣ್ಣಿನ ಮೇಲೆ ಬಾಣ ಬಿಡುವುದಿಲ್ಲ. ನಿಯಮ ಬಿಡುತ್ತದೆ, ನನ್ನ ಮನಸ್ಸು ಬಿಡುವುದಿಲ್ಲ.

ಹಾಗಾದರೆ ಎಷ್ಟು ಹೆಣ್ಣು ತೆಗೆಯಬೇಕು? ಇಲ್ಲಿ ಬೇಟೆಗಾರರ ಗುಂಪಿನಲ್ಲಿ ಕುಳಿತರೆ ಉತ್ತರ ಕೇಳುವುದೇ ಬೇಡ, ಒಬ್ಬರು ಅಟ್ಟಣೆಯಿಂದ ಒಂದು ಸಂಜೆ ಹತ್ತು ಜಿಂಕೆ ಕಂಡು ರಾಶಿ ಇವೆ ಎನ್ನುತ್ತಾರೆ, ಇನ್ನೊಬ್ಬರು ಎರಡು ದಿನ ಒಂದೂ ಕಾಣದೆ ಎಲ್ಲ ಮುಗಿಯಿತು ಎನ್ನುತ್ತಾರೆ. ಕಣ್ಣಿಗೆ ಬಿದ್ದ ಜಿಂಕೆ ಗಾಳಿಯ ದಿಕ್ಕು, ಓಕ್ ಕಾಯಿ ಎಲ್ಲಿ ಉದುರಿದೆ, ಪಕ್ಕದ ಜೋಳ ಕೊಯ್ದಾಗಿದೆಯೇ ಎಂಬುದನ್ನೆಲ್ಲ ಅವಲಂಬಿಸಿದೆ. ನಾನು ಮೊದಲು ನೋಡುವುದು ಗಿಡಗಳನ್ನು.

2014ರ ಬೇಸಗೆಯಲ್ಲಿ ಕಾಡಿನ ನಡುವೆ ಮೂರು ಮೀಟರ್ ಅಗಲ, ಮೂರು ಮೀಟರ್ ಉದ್ದದ ಜಾಗಕ್ಕೆ ತಂತಿ ಬೇಲಿ ಹಾಕಿದೆ. ಅಷ್ಟು ಚಿಕ್ಕ ಜಾಗದೊಳಗೆ ಜಿಂಕೆ ಹಾರಲು ಹಿಂಜರಿಯುತ್ತದೆ, ಆದ್ದರಿಂದ ಬಹಳ ಎತ್ತರ ಬೇಕಾಗುವುದಿಲ್ಲ. ಒಳಗೆ 10, ಹೊರಗೆ 10 ಕೆಂಪು ಓಕ್ ಸಸಿ ನೆಟ್ಟು ಪ್ರತಿಯೊಂದಕ್ಕೂ ಸಂಖ್ಯೆಯ ತಗಡು ಕಟ್ಟಿದೆ. ಕಾರ್ನೆಲ್ ವಿಶ್ವವಿದ್ಯಾಲಯದವರು ಹೇಳಿಕೊಡುವ ಕ್ರಮವೂ ಹೆಚ್ಚುಕಡಿಮೆ ಇದೇ: ಗುರುತು ಹಾಕಿದ ಗಿಡಗಳ ಎತ್ತರವನ್ನು ವರ್ಷ ವರ್ಷ ಅಳೆಯುವುದು. ಮೊದಲ ಚಳಿಗಾಲ ಕಳೆದಾಗ ಹೊರಗಿನ ಹತ್ತರಲ್ಲಿ ಒಂಬತ್ತರ ತುದಿ ಹರಿದಿತ್ತು. ಮೂರನೆಯ ವರ್ಷ ಬೇಲಿಯೊಳಗೆ ನಾನು ನೆಡದ ಟ್ರಿಲಿಯಂ ಎದ್ದು ಬಂತು. ಮೂರು ಎಲೆ, ಮೂರು ಬಿಳಿ ದಳದ ಈ ಹೂಗಿಡ ಬೀಜದಿಂದ ಹೂವಿಗೆ ಬರಲು ಏಳು ವರ್ಷವಾದರೂ ಬೇಕು. ಜಿಂಕೆ ಒಂದು ಸಲ ಬಾಯಿ ಹಾಕಿದರೆ ಆ ವರ್ಷದ ಎಲೆಯೆಲ್ಲ ಹೋಗುತ್ತದೆ, ಮರುವರ್ಷ ಗಿಡ ಇನ್ನಷ್ಟು ಕುಗ್ಗಿ ಬರುತ್ತದೆ. ಹೊರಗಿನ ಟ್ರಿಲಿಯಂಗಳು ಒಂದು ಗೇಣೂ ಇಲ್ಲ ಎಂದರೆ ಆ ವರ್ಷ ಹೆಣ್ಣಿನ ಬೇಟೆ ಆಗಲೇಬೇಕು ಎಂದು ನಾನು ಲೆಕ್ಕ ಹಾಕುತ್ತೇನೆ.

ಎರಡನೆಯದು ಹಿಕ್ಕೆ. ಏಪ್ರಿಲಿನಲ್ಲಿ ಹಿಮ ಕರಗಿದ ಕೂಡಲೇ ನೂರು ಮೀಟರ್ ಹಗ್ಗ ಎಳೆದು ಅದರ ಎರಡೂ ಬದಿಯ ಒಂದೊಂದು ಮೀಟರಿನಲ್ಲಿ ಬಿದ್ದ ಹಿಕ್ಕೆಯ ಗುಂಪುಗಳನ್ನು ಎಣಿಸುತ್ತೇನೆ. ಹಿಂದಿನ ಶರತ್ಕಾಲದ ಎಲೆಯ ಮೇಲೆ ಇರುವುದು ಮಾತ್ರ ಲೆಕ್ಕಕ್ಕೆ, ಎಲೆಯ ಅಡಿಯದು ಹಳೆಯದು. ಇದರಿಂದ ಜಿಂಕೆಯ ತಲೆ ಎಣಿಕೆ ತೆಗೆಯುವ ಸೂತ್ರಗಳಿವೆ, ನಾನು ಆ ಗೋಜಿಗೆ ಹೋಗುವುದಿಲ್ಲ. ಅದೇ ಜಾಗದಲ್ಲಿ ಹೋದ ವರ್ಷಕ್ಕಿಂತ ಏರಿತೋ ಇಳಿಯಿತೋ, ಅಷ್ಟು ಸಾಕು.

ಮೂರನೆಯದೇ ನನಗೆ ಬಹಳ ಇಷ್ಟದ ಕೆಲಸ. ಆಗಸ್ಟ್ ಮತ್ತು ಸೆಪ್ಟೆಂಬರಿನ ಸಂಜೆ ಪಕ್ಕದ ಸೋಯಾ ಹೊಲದ ಅಂಚಿನಲ್ಲಿ ದುರ್ಬೀನು ಹಿಡಿದು ಕೂರುವುದು. ಎಷ್ಟು ಹೆಣ್ಣು, ಎಷ್ಟು ಮರಿ, ಅಷ್ಟೇ ಬರೆಯುವುದು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯೂ ಇದೇ ಎರಡು ತಿಂಗಳಲ್ಲಿ ಜನರಿಂದ ಇಂಥ ಎಣಿಕೆಯನ್ನು ಕೇಳಿ ಪಡೆಯುತ್ತದೆ. ಹತ್ತು ಹೆಣ್ಣಿಗೆ ಹನ್ನೆರಡು ಮರಿ ಕಂಡವು ಎನ್ನೋಣ. ಅವುಗಳಲ್ಲಿ ಹೆಚ್ಚುಕಡಿಮೆ ಆರು ಹೆಣ್ಣು. ರಸ್ತೆ, ರೋಗ, ಕೊಯೊಟೆ ಎಂದು ದೊಡ್ಡವೂ ಚಿಕ್ಕವೂ ಸೇರಿ ಮೂರು ಹೆಣ್ಣು ಹೋದವು ಎಂದಿಟ್ಟುಕೊಂಡರೂ ಮರುವರ್ಷ ಹತ್ತು ಇದ್ದದ್ದು ಹದಿಮೂರು ಆಗುತ್ತದೆ. ಹಿಂಡು ಇದ್ದಷ್ಟೇ ಇರಬೇಕಾದರೆ ಮೂರು ತೆಗೆಯಬೇಕು, ಇಳಿಯಬೇಕಾದರೆ ನಾಲ್ಕೈದು. ಹೊಡೆದ ಹೆಣ್ಣುಗಳ ಕೆಚ್ಚಲನ್ನೂ ನೋಡಿ ಬರೆದಿಡುತ್ತೇನೆ. ಬೆಳೆದ ಹೆಣ್ಣುಗಳ ಕೆಚ್ಚಲಲ್ಲಿ ಹಾಲಿನ ಗುರುತೇ ಕಾಣದಿದ್ದರೆ ಮರಿಗಳು ಉಳಿದಿಲ್ಲವೇನೋ ಎಂಬ ಸುಳಿವು, ಮುಂದಿನ ವರ್ಷ ಹೊಡೆಯುವುದರಲ್ಲಿ ಕೈ ಬಿಗಿ ಹಿಡಿಯಬೇಕು.

ಈ ಮೂರು ಲೆಕ್ಕವೂ 40 ಎಕರೆಯೊಳಗೆ ನಿಂತರೆ ವ್ಯರ್ಥ. ಒಂದು ಹೆಣ್ಣು ಜಿಂಕೆಯ ಓಡಾಟ ಸುಲಭವಾಗಿ ನೂರು ಎಕರೆ ಮೀರುತ್ತದೆ. ನಾನು ಬಿಟ್ಟದ್ದನ್ನು ನೆರೆಯವನು ಹೊಡೆಯಬಹುದು, ಇಬ್ಬರೂ ಹೊಡೆದು ಅತಿಯಾಗಬಹುದು. ಆದ್ದರಿಂದ ಪ್ರತಿ ಅಕ್ಟೋಬರಿನಲ್ಲಿ ಅಕ್ಕಪಕ್ಕದ ನಾಲ್ಕು ಜಮೀನಿನವರು ಒಂದು ಮನೆಯ ಅಡುಗೆಮನೆ ಮೇಜಿನ ಸುತ್ತ ಕೂರುತ್ತೇವೆ. ಹೈನುಗಾರನ ಬಳಿ ಕುದುರೆಮೆಂತೆಯ ನಷ್ಟದ ಲೆಕ್ಕ ಇರುತ್ತದೆ, ನನ್ನ ಬಳಿ ಓಕ್ ಸಸಿಗಳ ಪುಸ್ತಕ. ಮಾತು ಬಿಸಿಯೇರುವುದೂ ಉಂಟು. ಹೆಣ್ಣನ್ನು ಹೊಡೆಯುವ ಜಗಳ ಈ ನೆಲಕ್ಕೆ ಹೊಸತಲ್ಲ. 1943ರಲ್ಲಿ ರಾಜ್ಯ ಕೊಂಬಿಲ್ಲದ ಜಿಂಕೆಯ ಬೇಟೆಗೆ ಅವಕಾಶ ಕೊಟ್ಟಾಗ ಜನ ಕೆರಳಿದ್ದರು. ಅದರ ಪರವಾಗಿ ನಿಂತ ವನ್ಯಜೀವಿ ವಿಜ್ಞಾನಿ, ಲೇಖಕ ಆಲ್ಡೊ ಲಿಯೋಪೋಲ್ಡ್ ಅವರ ಪುಟ್ಟ ಮರದ ಮನೆ ಇದೇ ಸಾಕ್ ಕೌಂಟಿಯಲ್ಲಿ, ವಿಸ್ಕಾನ್ಸಿನ್ ನದಿಯ ಬಳಿ ಇದೆ. ಮೊದಲು ಒಂದು ಹೆಣ್ಣು ಹೊಡೆದರೆ ಮಾತ್ರ ಗಂಡಿಗೆ ಅನುಮತಿ ಎಂಬ ನಿಯಮವೂ ಕೆಲವು ಕಾಲ ಇತ್ತು, ಬೇಟೆಗಾರರ ವಿರೋಧಕ್ಕೆ 2011ರಲ್ಲಿ ಅದು ರದ್ದಾಯಿತು. ಒತ್ತಾಯದ ನಿಯಮಕ್ಕಿಂತ ನಾಲ್ಕು ಜನ ಕೂತು ಒಪ್ಪಿಕೊಂಡ ಸಂಖ್ಯೆಗೆ ಹೆಚ್ಚು ಬೆಲೆ ಎಂಬುದು ನನ್ನ ಅನುಭವ.

ಇದೇ ರಾಜ್ಯದ ಉತ್ತರ ತುದಿಯಲ್ಲಿ ನಾನು ಒಂದೂ ಹೆಣ್ಣಿಗೆ ಕೋವಿ ಎತ್ತಿಲ್ಲ. ಅಲ್ಲಿ ಗೆಳೆಯನೊಬ್ಬನ ಕಾಡುಮನೆ ಇದೆ. 2013-14ರ ಚಳಿಗಾಲ ಅಲ್ಲಿನ ಜಿಂಕೆಗಳನ್ನು ನೆಲಕಚ್ಚಿಸಿತ್ತು. ಇಲಾಖೆಗೆ ಚಳಿಯನ್ನು ಅಳೆಯಲು ಒಂದು ಸರಳ ಲೆಕ್ಕವಿದೆ: ಡಿಸೆಂಬರ್ 1ರಿಂದ ಏಪ್ರಿಲ್ 30ರವರೆಗೆ ನೆಲದ ಮೇಲೆ 18 ಅಂಗುಲ ಅಥವಾ ಹೆಚ್ಚು ಹಿಮವಿದ್ದ ಪ್ರತಿ ದಿನಕ್ಕೆ ಒಂದು ಅಂಕ, ಉಷ್ಣಾಂಶ ಸೊನ್ನೆ ಫ್ಯಾರನ್‌ಹೀಟ್‌ಗೆ ಅಥವಾ ಅದಕ್ಕೂ ಕೆಳಗೆ ಇಳಿದ ಪ್ರತಿ ದಿನಕ್ಕೆ ಇನ್ನೊಂದು. ಒಟ್ಟು 50ಕ್ಕಿಂತ ಕಡಿಮೆಯಾದರೆ ಹದವಾದ ಚಳಿ, 100 ದಾಟಿದರೆ ಅತಿ ಕಠಿಣ. ಅಂಥ ಚಳಿಯಲ್ಲಿ ಮರಿಗಳು ಮೊದಲು ಸಾಯುತ್ತವೆ, ಬದುಕಿ ಉಳಿದ ಹೆಣ್ಣು ಈಯುವ ಮರಿಯೂ ಬಡಕಲು. 2014ರಲ್ಲಿ ಉತ್ತರದ ಹಲವು ಕೌಂಟಿಗಳಲ್ಲಿ ಹೆಣ್ಣಿನ ಕೋಟಾವನ್ನೇ ಶೂನ್ಯ ಮಾಡಿದರು. ಮುಂದೆ ಕೋಟಾ ತೆರೆದು ಗೆಳೆಯನಿಗೆ ಟ್ಯಾಗ್ ಸಿಕ್ಕಾಗ ಅವನ ಕಾಡಿನಲ್ಲಿ ಒಂದು ದಿನ ಅಡ್ಡಾಡಿದೆ. ಸಸಿಗಳ ತುದಿ ಹರಿದಿರಲಿಲ್ಲ, ಹಿಕ್ಕೆ ಅಲ್ಲೊಂದು ಇಲ್ಲೊಂದು. ಬೇಡವೆಂದೆ, ಅವನೂ ಒಪ್ಪಿದ. ಕಾನೂನು ಕೊಟ್ಟ ಟ್ಯಾಗ್ ಇಡೀ ಕೌಂಟಿಯ ಸರಾಸರಿಗೆ ಸಂಬಂಧಿಸಿದ್ದು, ಕಾಲ ಕೆಳಗಿನ ನೆಲದ ಮಾತು ಬೇರೆ ಇರಬಹುದು.

ಗುಂಡು ಹಾರಿಸುವ ಗಳಿಗೆಗೂ ಒಂದು ಮಾತು. 2015ರಲ್ಲಿ ಮುಸ್ಸಂಜೆ ಒಂಟಿಯಾಗಿ ಬಂದ ಕೊಂಬಿಲ್ಲದ ಜಿಂಕೆಯನ್ನು ಹೆಣ್ಣೆಂದು ಹೊಡೆದೆ. ಹತ್ತಿರ ಹೋಗಿ ನೆತ್ತಿ ಸವರಿದರೆ ಚರ್ಮದಡಿ ಎರಡು ಕೊಂಬಿನ ಮೊಗ್ಗು. ಆರು ತಿಂಗಳ ಗಂಡು ಮರಿ. ಆ ದಿನದಿಂದ ಒಂಟಿ ಜಿಂಕೆಗೆ ಹೊಡೆಯುವುದಿಲ್ಲ, ಹಿಂಡು ಒಟ್ಟಾಗಿ ಬರುವವರೆಗೆ ಕಾಯುತ್ತೇನೆ. ಪಕ್ಕಪಕ್ಕದಲ್ಲಿ ನಿಂತಾಗ ಬೆಳೆದ ಹೆಣ್ಣಿನ ಮೂತಿ ಉದ್ದ, ಮೈ ಉದ್ದ. ಮರಿಯ ಮೂತಿ ಮೊಟಕು, ಮೈ ಚೌಕ.

ಇಲ್ಲಿಯವರು ಈ ಕೆಲಸಕ್ಕೆ ಕೊಯ್ಲು ಎಂಬರ್ಥದ ಪದ ಬಳಸುತ್ತಾರೆ. ನಾನು ಕೊಲ್ಲುವುದು ಎಂದೇ ಹೇಳುತ್ತೇನೆ. ಕೊಂದ ಮೇಲೆ ಮಾಂಸ ಹಾಳಾಗಬಾರದು. ಒಂದು ದೊಡ್ಡ ಹೆಣ್ಣಿನಿಂದ ನಮ್ಮ ಮನೆಗೆ ಸುಮಾರು 20 ಕಿಲೋ ಎಲುಬಿಲ್ಲದ ಮಾಂಸ ಬರುತ್ತದೆ, ಕರಿಮೆಣಸು ಅರೆದು ಹಾಕಿದ ಸಾರು ಚಳಿಗಾಲವನ್ನು ದಾಟಿಸುತ್ತದೆ. ಆದರೆ 2002ರಲ್ಲಿ ಪಕ್ಕದ ಡೇನ್ ಕೌಂಟಿಯಲ್ಲಿ ಪತ್ತೆಯಾದ ಜಿಂಕೆಗಳ ಕ್ಷಯಿಸುವ ರೋಗ, ಪ್ರಯಾನ್ ಎಂಬ ಆಕಾರಗೆಟ್ಟ ಪ್ರೋಟೀನಿನಿಂದ ಬಂದು ಮಿದುಳನ್ನು ಕೊರೆಯುವ ರೋಗ, ಈಗ ನಮ್ಮಲ್ಲೂ ಇದೆ. ಹೊಡೆದ ಪ್ರತಿಯೊಂದು ಜಿಂಕೆಯ ತಲೆಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲಿ ಬೇರೆ ಇಡುತ್ತೇವೆ. 2018ರ ಒಂದು ಹೆಣ್ಣಿನಲ್ಲಿ ರೋಗ ಇದೆ ಎಂದು ಬಂತು. ನೋಡಲು ಗುಂಡುಗುಂಡಾಗಿ ಆರೋಗ್ಯವಾಗಿತ್ತು. ಅಷ್ಟನ್ನೂ ಎಸೆದೆವು. ಬೆಳೆದ ಗಂಡುಗಳಲ್ಲಿ ಈ ರೋಗ ಹೆಣ್ಣುಗಳಿಗಿಂತ ಹೆಚ್ಚು, ಆದ್ದರಿಂದ ರೋಗ ತಡೆಯಲು ಹೆಣ್ಣನ್ನಷ್ಟೇ ತೆಗೆದರಾಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಕಳೆದ ವಸಂತದಲ್ಲಿ ಬೇಲಿಯ ಹೊರಗಿನ ಹತ್ತು ಓಕ್‌ಗಳಲ್ಲಿ ನಾಲ್ಕು ಸತ್ತಿದ್ದವು, ಮೂರರ ತುದಿ ಹರಿದಿತ್ತು, ಮೂರು ನನ್ನ ಸೊಂಟದವರೆಗೆ ಬಂದಿದ್ದವು. ಹಿಕ್ಕೆ ಹಿಂದಿನ ವರ್ಷಕ್ಕಿಂತ ಕಡಿಮೆ. ಆಗಸ್ಟಿನಲ್ಲಿ ಒಂಬತ್ತು ಹೆಣ್ಣಿಗೆ ಎಂಟೇ ಮರಿ ಕಂಡವು. ನಾಲ್ಕು ಜಮೀನು ಸೇರಿ ಆರು ಹೆಣ್ಣು ತೆಗೆಯುತ್ತಿದ್ದವರು ಈ ಸಲ ಮೂರಕ್ಕೆ ಇಳಿಸಿದ್ದೇವೆ. ಹೈನುಗಾರನಿಗೆ ಎರಡು, ನನಗೆ ಒಂದು.